ದೂರದ ಎಪಿಗಳು, ಒಂದೇ ಕಂಟ್ರೋಲರ್: ನನ್ನ ಅನುಭವ

ಬೇರೆ ಬೇರೆ ಜಾಗಗಳಲ್ಲಿ ಹರಡಿರುವ ಅರವತ್ತು ಚಿಲ್ಲರೆ ಎಪಿಗಳನ್ನು (ವೈಫೈ ಹರಡುವ ಆಕ್ಸೆಸ್ ಪಾಯಿಂಟ್‌ಗಳನ್ನು) ಒಂದು ಸಣ್ಣ ಬಾಡಿಗೆ ಸರ್ವರ್‌ನಲ್ಲಿ ಕಂಟ್ರೋಲರ್ (ಎಲ್ಲ ಎಪಿಗಳಿಗೂ ಸೆಟ್ಟಿಂಗ್ ಕೊಡುವ ಸಾಫ್ಟ್‌ವೇರ್) ಇಟ್ಟು ನೋಡಿಕೊಳ್ಳುತ್ತೇನೆ ಎಂದಾಗ ಗೆಳೆಯರು ನಕ್ಕಿದ್ದರು. ‘ಸುಮ್ನೆ ಕ್ಲೌಡ್ ಕಂಟ್ರೋಲರ್ ಲೈಸೆನ್ಸ್ ತಗೋ, ಇಲ್ಲಾಂದ್ರೆ ಸೈಟಿಗೊಂದು ಕಂಟ್ರೋಲರ್ ಇಡು’ ಎಂದವರೇ ಜಾಸ್ತಿ. ಈಗ ಅದು ಹೆಚ್ಚುಕಡಿಮೆ ಎರಡು ವರ್ಷದಿಂದ ಓಡುತ್ತಿದೆ. ನಕ್ಕವರಲ್ಲೇ ಇಬ್ಬರು ನನ್ನ ಟೆಂಪ್ಲೇಟ್ ಕೇಳಿ ಇಸಿದುಕೊಂಡರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಕ್ಲೌಡ್ ಕಂಟ್ರೋಲರ್‌ಗೆ ಬಂದ ಕೊಟೇಶನ್‌ನಲ್ಲಿ ಎಪಿ ಒಂದಕ್ಕೆ ವರ್ಷಕ್ಕಿಷ್ಟು ಎಂದಿತ್ತು. ಮೂರು ವರ್ಷಕ್ಕೆ ಗುಣಿಸಿದರೆ ಲೈಸೆನ್ಸ್ ಖರ್ಚು ಎಪಿಗಳ ಬೆಲೆಯನ್ನೇ ದಾಟುತ್ತಿತ್ತು. ಅದಕ್ಕಿಂತ ಹೊಟ್ಟೆ ಉರಿಸುತ್ತಿದ್ದದ್ದು ಓಡಾಟದ ಖರ್ಚು. ರೀಸೆಟ್ ಗುಂಡಿ ಒತ್ತಲಿಕ್ಕೆ ಒಬ್ಬರನ್ನು ದೂರದ ಸೈಟಿಗೆ ಕಳಿಸಿದರೆ ದಿನದ ಸಂಬಳ, ಪ್ರಯಾಣ ಎಲ್ಲ ಸೇರಿ ಎಪಿಯ ಅರ್ಧ ಬೆಲೆ ಹೋಗುತ್ತದೆ. ಹಾಗಾಗಿ ನನಗೆ ಬೇಕಿದ್ದದ್ದು ಚೆಂದದ ಡ್ಯಾಶ್‌ಬೋರ್ಡ್ ಅಲ್ಲ. ಎಪಿ ಕೈತಪ್ಪಬಾರದು, ಅಷ್ಟೇ.

ಮೊದಲು ಹಿಡಿದದ್ದು ಕ್ಯಾಪ್‌ವ್ಯಾಪ್ ದಾರಿ, ಅಂದರೆ ಎಪಿ ಮತ್ತು ಕಂಟ್ರೋಲರ್ ಮಾತಾಡಿಕೊಳ್ಳುವ ಒಂದು ಪ್ರೋಟೋಕಾಲ್. ಯುಡಿಪಿ ಪೋರ್ಟ್ 5246 ಕಂಟ್ರೋಲ್‌ಗೆ, 5247 ಡೇಟಾಗೆ. ಮೇಜಿನ ಮೇಲೆ ಇಟ್ಟು ನೋಡಿದಾಗ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಯಿತು. ಸೈಟಿಗೆ ಹೋದ ಮೇಲೆ ಕೈಕೊಟ್ಟಿತು. ಮೊಬೈಲ್ ಡೇಟಾ ಇರುವ ಕಡೆ ಡಿಸ್ಕವರಿ ಆಗುತ್ತಿತ್ತು, ಜಾಯಿನ್ ಆಗುತ್ತಿರಲಿಲ್ಲ. ಎಪಿ ಕಂಟ್ರೋಲರ್ ಹುಡುಕುತ್ತದೆ, ಸಿಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಮೊದಲಿಂದ ಶುರು. ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಹಚ್ಚಿ ನೋಡಿದರೆ ಡಿಸ್ಕವರಿಯ ಪ್ಯಾಕೆಟ್‌ಗಳು ಚಿಕ್ಕವು, ದಾಟುತ್ತವೆ. ಡಿಟಿಎಲ್‌ಎಸ್ ಹ್ಯಾಂಡ್‌ಶೇಕ್‌ನಲ್ಲಿ (ಎನ್‌ಕ್ರಿಪ್ಷನ್ ಶುರುಮಾಡಲು ಎರಡೂ ಕಡೆಯವರ ಪರಿಚಯ) ಸರ್ಟಿಫಿಕೇಟ್ ಬರುವ ಹೊತ್ತಿಗೆ ಪ್ಯಾಕೆಟ್ ದೊಡ್ಡದಾಗಿ ತುಂಡಾಗುತ್ತದೆ. ಆ ತುಂಡುಗಳು ನಡುದಾರಿಯಲ್ಲೇ ಮಾಯ. ಲೈನ್ ಕೊಟ್ಟವರನ್ನು ಕೇಳಿದರೆ ‘ನಮ್ಮ ಕಡೆ ಎಲ್ಲಾ ಸರಿ ಇದೆ’.

ಆಮೇಲೆ ಸರ್ವರ್‌ನಿಂದಲೇ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಮೂಲಕ ಕಾನ್ಫಿಗ್, ಅಂದರೆ ಸೆಟ್ಟಿಂಗ್‌ಗಳನ್ನು, ತಳ್ಳುವ ಯೋಚನೆ. ಅದೂ ಬಹಳ ದಿನ ಬಾಳಲಿಲ್ಲ. ಅರ್ಧಕ್ಕೂ ಜಾಸ್ತಿ ಸೈಟುಗಳು ಸಿಜಿನ್ಯಾಟ್ (ಲೈನ್ ಕೊಟ್ಟವರು ಒಂದೇ ಐಪಿಯನ್ನು ಹಲವರಿಗೆ ಹಂಚುವ ಏರ್ಪಾಡು) ಹಿಂದಿದ್ದವು. ವ್ಯಾನ್ (ಹೊರಗಿನ ಲೈನ್ ಬರುವ ಕಡೆಯ) ವಿಳಾಸ ನೋಡಿದರೆ 100.64ರಿಂದ 100.127ರ ಒಳಗಿನದು. ಹೊರಗಿನಿಂದ ಒಳಗೆ ಹೋಗುವ ಮಾತೇ ಇಲ್ಲ. ಸ್ಥಿರ ಐಪಿ ಕೊಳ್ಳೋಣ ಎಂದರೆ ಮತ್ತೊಂದು ತಿಂಗಳ ಬಾಡಿಗೆ.

ಕೊನೆಗೆ ನಿಂತದ್ದು ಹೀಗೆ. ಎಪಿಗಳಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್, ಸರ್ವರ್‌ನಲ್ಲಿ ಓಪನ್‌ವಿಸ್ಪ್ ಎಂಬ ಕಂಟ್ರೋಲರ್, ನಡುವೆ ವೈರ್‌ಗಾರ್ಡ್ ಎಂಬ ವಿಪಿಎನ್ ಟನೆಲ್ (ಗುಪ್ತ ಸುರಂಗ). ಎಪಿಯೇ ಹೊರಗೆ ಬಂದು ‘ಹೊಸದೇನಾದರೂ ಇದೆಯಾ’ ಎಂದು ಕೇಳುತ್ತದೆ. ಚೆಕ್‌ಸಮ್ (ಕಾನ್ಫಿಗ್‌ನ ಬೆರಳಚ್ಚಿನಂಥದ್ದು) ಬೇರೆ ಇದ್ದರೆ ಮಾತ್ರ ಕಾನ್ಫಿಗ್ ಇಳಿಸಿಕೊಳ್ಳುತ್ತದೆ. ಹಾಕಿಕೊಂಡ ಮೇಲೆ ಕಂಟ್ರೋಲರ್ ಸಿಗದಿದ್ದರೆ ತಾನೇ ಹಳೆಯದಕ್ಕೆ ವಾಪಸ್ ಹೋಗುತ್ತದೆ. ಈ ಒಂದು ಗುಣಕ್ಕೇ ನಾನು ಇದನ್ನು ಆರಿಸಿದ್ದು. ಇದರ ಮೇಲೆ ನನ್ನದೇ ಒಂದು ಕಾವಲು ಸ್ಕ್ರಿಪ್ಟ್ ಇದೆ. ಏನನ್ನು ನೋಡಿ ರೇಡಿಯೊ ಮಾತ್ರ ಎಬ್ಬಿಸಬೇಕು, ಯಾವಾಗ ಇಡೀ ಎಪಿಯನ್ನು ರೀಬೂಟ್ ಮಾಡಬೇಕು ಎಂದು ಅದು ತೀರ್ಮಾನಿಸುತ್ತದೆ. ಅದನ್ನು ಇಲ್ಲಿ ಹಾಕುವುದಿಲ್ಲ. ತುಂಬಾ ನಿದ್ದೆ ಕೊಟ್ಟು ಕಲಿತದ್ದು ಅದು.

ವೈರ್‌ಗಾರ್ಡ್‌ಗೆ ಕೀಪ್‌ಅಲೈವ್ (ದಾರಿ ಮುಚ್ಚಿಹೋಗದಂತೆ ಆಗಾಗ ಹೋಗುವ ಪುಟ್ಟ ಪ್ಯಾಕೆಟ್) 25 ಸೆಕೆಂಡ್. ‘ಸಿಮ್ ಡೇಟಾ ತಿಂದುಹಾಕುತ್ತದೆ’ ಎಂದು ಒಬ್ಬರು ಹೆದರಿಸಿದ್ದರು. ಲೆಕ್ಕ ಹಾಕಿ ನೋಡಿ: ಹೆಡರ್ ಸೇರಿ ಪ್ಯಾಕೆಟ್ 60 ಬೈಟ್, ದಿನಕ್ಕೆ ಸುಮಾರು 3,500 ಪ್ಯಾಕೆಟ್, ತಿಂಗಳಿಗೆ 6 ಎಂಬಿ ಆಸುಪಾಸು. ಜುಜುಬಿ. ನಿಜವಾಗಿ ಡೇಟಾ ತಿನ್ನುತ್ತಿದ್ದದ್ದು ನಿಮಿಷಕ್ಕೊಮ್ಮೆ ಹೋಗುತ್ತಿದ್ದ ಮಾನಿಟರಿಂಗ್ ಅಂಕಿಗಳು. ಅದನ್ನು 5 ನಿಮಿಷಕ್ಕೆ ಇಳಿಸಿದೆ. ಗ್ರಾಫ್ ಒರಟಾಯಿತು, ಆದರೆ ಯಾರು ನೋಡುತ್ತಾರೆ?

ಎಂಟಿಯು (ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಎಂಬ ಮಿತಿ) ಎಲ್ಲ ಕಡೆ 1280. ಮಾಮೂಲಿ 1420 ಕೆಲವು ಸೈಟುಗಳಲ್ಲಿ ನಡೆಯುತ್ತಿತ್ತು, ಕೆಲವು ಕಡೆ ಕ್ಯಾಪ್‌ವ್ಯಾಪ್‌ನ ಅದೇ ಹಳೆಯ ರೋಗ. ಟನೆಲ್‌ನಲ್ಲಿ ಹೋಗುವುದು ಬರೀ ಕಾನ್ಫಿಗ್, ಅಂಕಿ. ವೇಗ ಯಾರಿಗೆ ಬೇಕು? ಸೈಟಿಗೊಂದು ಲೆಕ್ಕ ಹಾಕುತ್ತಾ ಕೂರುವ ಬದಲು ಒಂದೇ ಸಂಖ್ಯೆ ಹಾಕಿ ಮರೆತುಬಿಟ್ಟೆ.

ಇಷ್ಟೆಲ್ಲ ಆದ ಮೇಲೂ ಕೆಲವು ಎಪಿಗಳು ಕರೆಂಟ್ ಹೋಗಿ ಬಂದ ನಂತರ ಕಾಣೆಯಾಗುತ್ತಿದ್ದವು. ಸೈಟಿನಲ್ಲಿ ವೈಫೈ ಚೆನ್ನಾಗಿದೆ, ಜನ ಬಳಸುತ್ತಿದ್ದಾರೆ, ನನಗೆ ಮಾತ್ರ ಎಪಿ ಸತ್ತಂತೆ ಕಾಣುತ್ತದೆ. ಇದು ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ ಸಮಸ್ಯೆ. ಕಾರಣ ಗಡಿಯಾರ. ಈ ಎಪಿಗಳಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಬೂಟ್ ಆಗುವಾಗ ಓಪನ್‌ಡಬ್ಲ್ಯುಆರ್‌ಟಿ ತನ್ನ ಇಟಿಸಿ ಫೋಲ್ಡರ್‌ನಲ್ಲಿ ಕೊನೆಗೆ ಬದಲಾದ ಫೈಲಿನ ಸಮಯವನ್ನೇ ಈಗಿನ ಸಮಯ ಎಂದುಕೊಳ್ಳುತ್ತದೆ. ಅದು ವಾರಗಟ್ಟಲೆ ಹಿಂದಿನದಿರಬಹುದು. ವೈರ್‌ಗಾರ್ಡ್ ಹ್ಯಾಂಡ್‌ಶೇಕ್‌ನಲ್ಲಿ ಸಮಯದ ಮುದ್ರೆ ಇರುತ್ತದೆ. ಹಿಂದೆ ನೋಡಿದ್ದಕ್ಕಿಂತ ಹಳೆಯ ಮುದ್ರೆ ಬಂದರೆ ಸರ್ವರ್ ಸದ್ದಿಲ್ಲದೆ ಬಿಸಾಕುತ್ತದೆ. ಲಾಗ್‌ನಲ್ಲೂ ಸುಲಭಕ್ಕೆ ಕಾಣುವುದಿಲ್ಲ. ಸರಿಯಾದ ಸಮಯ ಹೇಳುವ ಎನ್‌ಟಿಪಿ ಸರ್ವರ್ ಟನೆಲ್ ಒಳಗಿದ್ದರಂತೂ ಮುಗಿಯಿತು: ಸಮಯ ಸರಿಯಾಗಲು ಟನೆಲ್ ಬೇಕು, ಟನೆಲ್ ಏಳಲು ಸಮಯ ಬೇಕು.

ಎನ್‌ಟಿಪಿಯನ್ನು ಟನೆಲ್‌ನಿಂದ ಹೊರಗಿಟ್ಟರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಆದರೆ ಎನ್‌ಟಿಪಿ ಬಳಸುವ ಯುಡಿಪಿ ಪೋರ್ಟ್ 123 ಮುಚ್ಚಿರುವ ಜಾಗಗಳೂ ಇವೆ. ಅಲ್ಲಿಗೆ ಗಂಟೆಗೊಮ್ಮೆ ಇಟಿಸಿಯಲ್ಲಿ ಒಂದು ಖಾಲಿ ಫೈಲಿಗೆ ‘ಟಚ್’ ಮಾಡುವ, ಅಂದರೆ ಅದರ ಸಮಯವನ್ನು ಹೊಸದಾಗಿಸುವ, ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸೌಲಭ್ಯ) ಸಾಲು ಹಾಕಿದೆ. ಈಗ ಗಡಿಯಾರ ಎಷ್ಟೇ ಹಿಂದೆ ಬಿದ್ದರೂ ಮುದ್ರೆಯ ಗೊಂದಲ ಒಂದು ಗಂಟೆಯೊಳಗೆ ತಾನೇ ಬಿಡಿಸಿಕೊಳ್ಳುತ್ತದೆ. ಒಂದು ಸಾಲಿನ ಮದ್ದು. ಇದಕ್ಕೆ ಮೊದಲು ಎಪಿಯನ್ನೇ ಬದಲಾಯಿಸಿ ಎಂದು ಸಲಹೆ ಕೊಟ್ಟವರಿದ್ದರು!

ನಡುವೆ ಕುತೂಹಲಕ್ಕೆ ಒಂದು ಸೈಟಿನಲ್ಲಿ ಬಳಕೆದಾರರ ಟ್ರಾಫಿಕ್ಕನ್ನೂ ಟನೆಲ್ ಮೂಲಕ ತಂದು ನೋಡಿದೆ. ಎಲ್ಲವೂ ಒಂದೇ ಕಡೆ ಫಿಲ್ಟರ್ ಆದರೆ ಚೆಂದ ಅಲ್ವಾ? 100 ಎಂಬಿಪಿಎಸ್ ಲೈನ್‌ನಲ್ಲಿ 40 ದಾಟಲಿಲ್ಲ. ಎಪಿಯ ಪುಟ್ಟ ಸಿಪಿಯು ಎನ್‌ಕ್ರಿಪ್ಷನ್‌ನಲ್ಲೇ ಸುಸ್ತಾಗುತ್ತಿತ್ತು. ಎಂಎಸ್‌ಎಸ್ ಕ್ಲ್ಯಾಂಪ್ (ಪ್ಯಾಕೆಟ್‌ಗಳನ್ನು ಟನೆಲ್‌ಗೆ ಹಿಡಿಸುವಷ್ಟು ಚಿಕ್ಕದಾಗಿಸುವ ಸೆಟ್ಟಿಂಗ್) ಹಾಕುವವರೆಗೆ ಕೆಲವು ಪುಟಗಳು ತೆರೆಯುತ್ತಲೇ ಇರಲಿಲ್ಲ. ತಿಂಗಳ ಕೊನೆಗೆ ಸರ್ವರ್‌ನ ಬ್ಯಾಂಡ್‌ವಿಡ್ತ್ ಬಿಲ್ ಹೆಚ್ಚುಕಡಿಮೆ ಮೂರು ಪಟ್ಟು. ಆ ಆಸೆ ಅಲ್ಲಿಗೆ ಬಿಟ್ಟೆ. ಡೇಟಾ ಸೈಟಿನಿಂದಲೇ ನೇರ ಹೊರಗೆ ಹೋಗಲಿ.

ಲಾಗಿನ್‌ಗೂ ಅದೇ ನಿಯಮ. ಒಂದು ಸೈಟಿನವರು ಎಂಟರ್‌ಪ್ರೈಸ್ ಲಾಗಿನ್ (ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್) ಬೇಕೆಂದರು, ಅದನ್ನು ಪರೀಕ್ಷಿಸುವ ರೇಡಿಯಸ್ ಸರ್ವರ್ ಕೇಂದ್ರದಲ್ಲಿತ್ತು. ಲೈನ್ ಹೋದ ದಿನ ಹೊಸಬರು ಯಾರೂ ವೈಫೈಗೆ ಸೇರಲಾಗಲಿಲ್ಲ, ಪಕ್ಕದಲ್ಲೇ ಇದ್ದ ಪ್ರಿಂಟರ್ ಕೂಡ ಸಿಗಲಿಲ್ಲ. ಈಗ ಆ ಸೈಟಿನಲ್ಲೇ ರೇಡಿಯಸ್‌ನ ಒಂದು ನಕಲು ಕೂತಿದೆ.

ಚಾನೆಲ್ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ಒಂದನ್ನೊಂದು ಕೇಳಿಸಿಕೊಳ್ಳದ ಸೈಟುಗಳಿಗೆ ಕೇಂದ್ರದಿಂದ ಆಟೋ ಚಾನೆಲ್ ಎಂಬುದೇ ಹುಚ್ಚು. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಕೈಯಾರೆ ಹಂಚಿದೆ, ಅಗಲ 20 ಮೆಗಾಹರ್ಟ್ಸ್. ಮೆಶ್ (ಎಪಿಗಳು ತಂತಿಯಿಲ್ಲದೆ ಒಂದಕ್ಕೊಂದು ಸೇರುವ ಏರ್ಪಾಡು) ಇರುವ ಕಡೆ ಬ್ಯಾಕ್‌ಹಾಲ್, ಅಂದರೆ ಎಪಿಗಳ ನಡುವಿನ ಕೊಂಡಿ, ಮಾತ್ರ ಡಿಎಫ್‌ಎಸ್ (ರೇಡಾರ್ ಜೊತೆ ಹಂಚಿಕೊಳ್ಳುವ) ಚಾನೆಲ್‌ಗೆ ಹಾಕಬೇಡಿ. ರೇಡಾರ್ ಕಂಡಿತು ಎಂದು ಎಪಿ ಚಾನೆಲ್ ಬಿಟ್ಟರೆ ಅರ್ಧ ಗಂಟೆ ಅಲ್ಲಿಗೆ ವಾಪಸ್ ಬರುವಂತಿಲ್ಲ. ಅದರ ಹಿಂದಿರುವ ಎಪಿಗಳೂ ನಿಮ್ಮ ಕೈತಪ್ಪುತ್ತವೆ. 5 ಗಿಗಾಹರ್ಟ್ಸ್‌ನ 36ರಿಂದ 48ರ ಚಾನೆಲ್‌ಗಳಲ್ಲಿ ಇಟ್ಟು ನೆಮ್ಮದಿಯಾಗಿದ್ದೇನೆ.

ಫರ್ಮ್‌ವೇರ್ ಮೊದಲು ನನ್ನ ಮೇಜಿನ ಎಪಿಗೆ, ಆಮೇಲೆ ಏಣಿ ಹತ್ತಲು ತಯಾರಿರುವ ಜನ ಇರುವ ಸೈಟಿಗೆ, ಕೊನೆಗೆ ಉಳಿದವಕ್ಕೆ. ಇಮೇಜ್ (ಫರ್ಮ್‌ವೇರ್ ಫೈಲ್) ಪೂರ್ತಿ ಇಳಿದು ಅದರ ಎಸ್‌ಎಚ್‌ಎ256 ಚೆಕ್‌ಸಮ್ ಹೊಂದಿದ ಮೇಲೆಯೇ ಫ್ಲ್ಯಾಶ್, ಅಂದರೆ ಎಪಿಗೆ ಬರೆಯುವುದು. ಎಲ್ಲವೂ ಒಟ್ಟಿಗೆ ಎದ್ದು ಸರ್ವರ್ ಮೇಲೆ ಬೀಳದಂತೆ ಮ್ಯಾಕ್ ವಿಳಾಸದ ಕೊನೆಯ ಅಂಕಿಗಳಿಂದ ಪ್ರತಿ ಎಪಿಗೂ ಬೇರೆ ಬೇರೆ ತಡ ಕೊಟ್ಟಿದ್ದೇನೆ. 2 ಜಿಬಿ ರ್‍ಯಾಮ್‌ನ ಸರ್ವರೇ ಇನ್ನೂ ಸಾಕಾಗುತ್ತಿದೆ.

ಕಳೆದ ಸಲ ಅಗ್ಗದ ಬಾಡಿಗೆ ಸಿಕ್ಕಿತೆಂದು ಸರ್ವರ್ ಬೇರೆ ಕಡೆ ಸಾಗಿಸಿದೆ. ಒಂದೆರಡು ದಿನ ಕಂಟ್ರೋಲರ್ ಪೂರ್ತಿ ಬಂದ್. ಯಾವ ಸೈಟಿನಿಂದಲೂ ಫೋನ್ ಬರಲಿಲ್ಲ. ಲೈಸೆನ್ಸ್ ಕೊಂಡಿದ್ದ ಗೆಳೆಯನಿಗೆ ಇದನ್ನು ಬೇಕೆಂದೇ ಹೇಳಿದೆ. ಸಾಗಿಸುವವರು ಒಂದು ನೆನಪಿಡಿ: ವೈರ್‌ಗಾರ್ಡ್ ಸರ್ವರ್‌ನ ಹೆಸರನ್ನು ಶುರುವಿನಲ್ಲಿ ಒಮ್ಮೆ ಮಾತ್ರ ಐಪಿಗೆ ಬದಲಿಸಿಕೊಳ್ಳುತ್ತದೆ. ಡಿಎನ್‌ಎಸ್‌ನಲ್ಲಿ ಆ ಹೆಸರಿನ ಐಪಿ ಬದಲಾದರೂ ಎಪಿ ಹಳೆಯ ವಿಳಾಸಕ್ಕೇ ಜೋತುಬಿದ್ದಿರುತ್ತದೆ. ವೈರ್‌ಗಾರ್ಡ್ ಪ್ಯಾಕೇಜ್ ಜೊತೆಗೇ ಬರುವ, ಹೆಸರನ್ನು ಮತ್ತೆ ಹುಡುಕಿಸುವ ವಾಚ್‌ಡಾಗ್ ಸ್ಕ್ರಿಪ್ಟನ್ನು ಕ್ರಾನ್‌ಗೆ ಹಾಕಿಟ್ಟರೆ ಸಾಕು.

ತಲೆನೋವು ಉಳಿದಿದ್ದದ್ದು 8 ಎಂಬಿ ಫ್ಲ್ಯಾಶ್‌ನ ಹಳೆಯ ಎಪಿಗಳದ್ದು. ಸೆಟ್ಟಿಂಗ್‌ನ ವೆಬ್ ಪುಟ ಕಿತ್ತು ಹಾಕಿ ಇಮೇಜ್ ಕಟ್ಟಿದರೂ ಓಪನ್‌ವಿಸ್ಪ್‌ನ ಏಜೆಂಟ್, ವೈರ್‌ಗಾರ್ಡ್ ಎರಡೂ ಸೇರಿದ ಮೇಲೆ ಉಸಿರಾಡಲು ಜಾಗವಿರಲಿಲ್ಲ. ಮಾರಿಬಿಟ್ಟೆ. ಬಂದ ದುಡ್ಡಲ್ಲಿ ದೂರದ ಸೈಟುಗಳಿಗೆ ಎರಡು ಮ್ಯಾನೇಜ್ಡ್ ಪಿಒಇ ಸ್ವಿಚ್ (ನೆಟ್‌ವರ್ಕ್ ತಂತಿಯಲ್ಲೇ ಎಪಿಗೆ ಕರೆಂಟ್ ಕೊಡುವ, ದೂರದಿಂದ ನಡೆಸಬಹುದಾದ ಸ್ವಿಚ್) ಬಂದವು. ಈಗ ಎಪಿ ಪೂರ್ತಿ ಗರ ಬಡಿದಂತೆ ನಿಂತರೂ ಪೋರ್ಟಿನ ಕರೆಂಟ್ ಇಲ್ಲಿಂದಲೇ ತೆಗೆದು ಮತ್ತೆ ಕೊಡುತ್ತೇನೆ.