ಸ್ಪೋರ್ಟ್ಸ್ ಸೆಡಾನ್‌ನ ಹಿಂದಿನ ಗಾಜು ಬದಲಿಸುವ ಕ್ರಮ

ಹೊಸ ಗಾಜನ್ನು ಎತ್ತಿ ಕೂರಿಸುವುದು ಐದು ನಿಮಿಷದ ಕೆಲಸ. ಒಡೆದ ಚೂರು ತೆಗೆಯುವುದು, ಒಳಗಿನ ಟ್ರಿಮ್ (ಒಳಹೊದಿಕೆ) ಬಿಚ್ಚುವುದು, ಹಳೆಯ ಗಮ್ ಹೆರೆಯುವುದು, ಪ್ರೈಮರ್ (ಗಮ್ ಚೆನ್ನಾಗಿ ಹಿಡಿಯಲೆಂದು ಮೊದಲು ಹಚ್ಚುವ ಪದರ) ಒಣಗಲು ಕಾಯುವುದು, ಇಷ್ಟಕ್ಕೆ ದಿನದ ಬಹುಪಾಲು ಹೋಗುತ್ತದೆ. ಗಾಜು ಹಾಕಿಸಿದ ಮೇಲೆ ಡಿಕ್ಕಿಯಲ್ಲಿ ನೀರು ನಿಂತರೆ, ವೇಗದಲ್ಲಿ ಶಿಳ್ಳೆಯಂಥ ಸದ್ದು ಬಂದರೆ, ಹುಳುಕು ಇರುವುದು ಸಾಮಾನ್ಯವಾಗಿ ಈ ತಯಾರಿಯಲ್ಲೇ.

ಸ್ಪೋರ್ಟ್ಸ್ ಸೆಡಾನ್‌ಗಳಲ್ಲಿ ಇನ್ನೂ ಕೆಲವು ತೊಡಕುಗಳಿವೆ. ಅಂಟಿಸಿದ ಗಾಜು ಬಾಡಿಯ ಬಿಗಿತಕ್ಕೂ ಪಾಲು ಕೊಡುತ್ತದೆ, ಹಾಗಾಗಿ ಗಮ್ ಯಾವುದಾದರೇನು ಎನ್ನುವಂತಿಲ್ಲ. ತೂಕ ಹಂಚಿಕೆಗಾಗಿ ಇಂಥ ಹಲವು ಕಾರುಗಳಲ್ಲಿ ಬ್ಯಾಟರಿ ಡಿಕ್ಕಿಯಲ್ಲಿರುತ್ತದೆ, ಪಕ್ಕದಲ್ಲೇ ಆಂಪ್ಲಿಫೈಯರ್ ಮತ್ತು ಕಂಟ್ರೋಲ್ ಯೂನಿಟ್‌ಗಳೂ ಇರುತ್ತವೆ. ಗಾಜಿನ ಅಂಚಿನಿಂದ ಹನಿಯುವ ನೀರು ನೇರ ಅಲ್ಲಿಗೇ ಇಳಿಯುತ್ತದೆ.

ಗಾಜು ತರಿಸುವ ಮೊದಲು

ಮಾಡೆಲ್ ಮತ್ತು ವರ್ಷ ಹೇಳಿ ಗಾಜು ತರಿಸಬೇಡಿ, ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಒಂದೇ ಕಾರಿಗೆ ಹಲವು ಬಗೆಯ ಹಿಂದಿನ ಗಾಜು ಇರುವುದುಂಟು. ಆಂಟೆನಾ ಗೆರೆಗಳ ವಿನ್ಯಾಸ ಬೇರೆ, ಬಣ್ಣ ಬೇರೆ, ಮೇಲಿನ ಬ್ರೇಕ್ ಲೈಟಿಗೆ ಬಿಟ್ಟ ಜಾಗ ಬೇರೆ. ಆಂಟೆನಾ ವಿನ್ಯಾಸ ಹೊಂದದ ಗಾಜು ಅಳತೆಗೆ ಸರಿಯಾಗಿ ಕೂತರೂ ರೇಡಿಯೋ ಗೊರಗೊರ ಎನ್ನುತ್ತದೆ. ಅಂಚಿನ ಬೀಡಿಂಗ್ (ಸುತ್ತಲಿನ ಪಟ್ಟಿ) ಮತ್ತು ಪಿಲ್ಲರ್ (ಚಾವಣಿ ಹೊರುವ ಕಂಬ) ಟ್ರಿಮ್‌ನ ಕ್ಲಿಪ್‌ಗಳನ್ನೂ ಜೊತೆಗೇ ತರಿಸಿ, ಹಳೆಯವು ಬಿಚ್ಚುವಾಗ ಮುರಿಯುತ್ತವೆ.

ಹಿಂದಿನ ಗಾಜು ಸಾಮಾನ್ಯವಾಗಿ ಟೆಂಪರ್ಡ್, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಮಾಡಿದ್ದು. ಅದನ್ನು ಕತ್ತರಿಸಲು, ಕೊರೆಯಲು, ಅಂಚು ಉಜ್ಜಲು ಆಗುವುದಿಲ್ಲ. ನಡುಭಾಗಕ್ಕೆ ಬಿದ್ದ ಗುದ್ದು ತಡೆದೀತು, ಅಂಚಿಗೆ ತಾಗಿದ ಸಣ್ಣ ಪೆಟ್ಟಿಗೆ ಇಡೀ ಗಾಜು ಪುಡಿಯಾಗುತ್ತದೆ. ಹಾಗಾಗಿ ಬಿಚ್ಚಿದ ಗಾಜನ್ನು ಬರೀ ನೆಲದ ಮೇಲೆ ಅಂಚೂರಿ ನಿಲ್ಲಿಸಬಾರದು, ದಪ್ಪ ಫೋಮ್ ಅಥವಾ ಕಂಬಳಿ ಹಾಸಿ ಮಲಗಿಸಿ. ತೂಕದ ಅಂದಾಜು ಬೇಕಿದ್ದರೆ, ಒಂದು ಚದರ ಮೀಟರ್ ಗಾಜು ಪ್ರತಿ ಮಿ.ಮೀ. ದಪ್ಪಕ್ಕೆ ಸುಮಾರು 2.5 ಕಿಲೋ. ಮುಕ್ಕಾಲರಿಂದ ಒಂದು ಚದರ ಮೀಟರ್ ಇರುವ 3.5 ಮಿ.ಮೀ. ಗಾಜು ಏಳರಿಂದ ಒಂಬತ್ತು ಕಿಲೋ ತೂಗುತ್ತದೆ. ಒಬ್ಬರೇ ಎತ್ತಬಹುದು, ಆದರೆ ಒಬ್ಬರೇ ನೇರವಾಗಿ ಕೂರಿಸಲಾರಿರಿ. ಇಬ್ಬರು ಬೇಕೇ ಬೇಕು.

ಗಾಜು ಕೈಗೆ ಬಂದ ಕೂಡಲೇ ಡಿಫಾಗರ್ (ಗಾಜಿನ ಮಂಜು ಹೋಗಿಸುವ ಬಿಸಿಗೆರೆಗಳು) ಪರೀಕ್ಷಿಸಿ. ಎರಡು ಬದಿಯ ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್ ಇಟ್ಟರೆ ಒಂದು ಓಮ್‌ನ ಆಸುಪಾಸು ತೋರಬೇಕು. ಹತ್ತಾರು ಓಮ್ ತೋರಿದರೆ ಟರ್ಮಿನಲ್ ಬೆಸುಗೆ ಬಿಟ್ಟಿದೆ ಎಂದರ್ಥ. ಗಾಜು ಅಂಟಿಸಿದ ಮೇಲೆ ಇದು ಗೊತ್ತಾದರೆ ಪ್ರಯೋಜನವಿಲ್ಲ.

ಗಮ್ ಎಷ್ಟು, ಯಾವುದು

ಕಾರಿನ ಗಾಜಿಗೆಂದೇ ಮಾಡಿದ, ಗಾಳಿಯ ತೇವದಿಂದ ಗಟ್ಟಿಯಾಗುವ ಯುರೇಥೇನ್ ಬೇಕು. ಗಾಜಿನಲ್ಲಿ ಆಂಟೆನಾ ಇದ್ದರೆ ಅಥವಾ ಬಾಡಿ ಅಲ್ಯೂಮಿನಿಯಂ ಆಗಿದ್ದರೆ ವಿದ್ಯುತ್ ಹರಿಸದ ಬಗೆಯದ್ದನ್ನು, ಬಿಗಿತ ಹೆಚ್ಚಿರುವ ಹೈ-ಮಾಡ್ಯುಲಸ್ ಗುಣದ್ದನ್ನು ಆರಿಸಿ. ಎರಡೂ ಗುಣ ಒಂದೇ ಟ್ಯೂಬಿನಲ್ಲಿ ಸಿಗುತ್ತವೆ. ಕ್ಲೀನರ್, ಗಾಜಿನ ಪ್ರೈಮರ್, ತಗಡಿನ ಪ್ರೈಮರ್ ಮೂರೂ ಗಮ್‌ನ ಕಂಪನಿಯದ್ದೇ ಆಗಿರಲಿ. ಒಂದರ ಪ್ರೈಮರ್ ಮೇಲೆ ಇನ್ನೊಂದರ ಗಮ್ ಹಿಡಿಯುತ್ತದೆಂಬ ಭರವಸೆ ಇಲ್ಲ. ಟ್ಯೂಬಿನ ಮೇಲಿನ ಅವಧಿ ದಿನಾಂಕ ನೋಡಿ, ಅವಧಿ ಮೀರಿದ ಯುರೇಥೇನ್ ಒಳಗೇ ಗಟ್ಟಿಯಾಗತೊಡಗಿರುತ್ತದೆ.

ಗಾಜಿನ ಸುತ್ತಳತೆ ಸುಮಾರು 3.8 ಮೀಟರ್ ಎಂದುಕೊಳ್ಳಿ. 8 ಮಿ.ಮೀ. ಅಗಲ, 12 ಮಿ.ಮೀ. ಎತ್ತರದ ತ್ರಿಕೋನ ಪಟ್ಟಿಗೆ ಸುಮಾರು 180 ಮಿ.ಲೀ. ಬೇಕಾಗುತ್ತದೆ. 310 ಮಿ.ಲೀ.ಯ ಒಂದು ಟ್ಯೂಬ್ ಲೆಕ್ಕಕ್ಕೆ ಸಾಕು, ಆದರೂ ಎರಡು ಇಟ್ಟುಕೊಳ್ಳಿ. ಪಟ್ಟಿ ಅರ್ಧದಲ್ಲಿದ್ದಾಗ ಅಂಗಡಿಗೆ ಓಡಲು ಸಮಯ ಇರುವುದಿಲ್ಲ.

ಸಿಲಿಕೋನ್ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಗಾಜಿನ ಭಾರವನ್ನೂ ಬಾಡಿಯ ತಿರುಚನ್ನೂ ತಡೆಯುವುದಿಲ್ಲ, ಹುಳಿ ವಾಸನೆಯ ಬಗೆಯದ್ದಾದರೆ ತಗಡಿಗೆ ತುಕ್ಕು ಹಿಡಿಸುತ್ತದೆ. ಒಮ್ಮೆ ಸಿಲಿಕೋನ್ ಬಳಿದ ಜಾಗದಲ್ಲಿ ಮುಂದೆ ಯುರೇಥೇನ್ ಸರಿಯಾಗಿ ಹಿಡಿಯುವುದೂ ಇಲ್ಲ.

ಚೂರು ತೆಗೆಯುವುದು

ಕಟ್ ಆಗದ ಗ್ಲೌಸ್, ಕನ್ನಡಕ, ಮಾಸ್ಕ್ ಹಾಕಿಕೊಂಡೇ ಶುರುಮಾಡಿ. ಡಿಕ್ಕಿಯ ಮುಚ್ಚಳ ಮತ್ತು ಪಕ್ಕದ ಬಣ್ಣದ ಮೇಲೆ ಬಿದ್ದ ಚೂರುಗಳನ್ನು ಬಟ್ಟೆಯಲ್ಲಿ ಒರೆಸಬೇಡಿ, ಒಂದೇ ಎಳೆತಕ್ಕೆ ಗೀರು ಬೀಳುತ್ತದೆ. ವ್ಯಾಕ್ಯೂಮ್‌ನಲ್ಲಿ ಎಳೆಯಿರಿ, ಆಮೇಲೆ ಆ ಜಾಗಗಳಿಗೆ ಕಂಬಳಿ ಹೊದಿಸಿ ಟೇಪ್ ಹಾಕಿ.

ಕಲ್ಲುಸಕ್ಕರೆಯಂಥ ಈ ಚೂರುಗಳು ಹೋಗಿ ಕೂರುವ ಜಾಗಗಳು ಗೊತ್ತಿದ್ದರೆ ಅರ್ಧ ಕೆಲಸ ಹಗುರ. ಸೀಟಿನ ಕುಶನ್ ಮತ್ತು ಒರಗಿನ ನಡುವಿನ ಸಂದು, ಬೆಲ್ಟಿನ ಬಕಲ್ ಒಳಗೆ, ಪಾರ್ಸೆಲ್ ಟ್ರೇಯ (ಹಿಂದಿನ ಸೀಟಿಗೂ ಗಾಜಿಗೂ ನಡುವಿನ ಹಲಗೆ) ಸ್ಪೀಕರ್ ಜಾಲರಿ, ಡಿಕ್ಕಿಯ ಪಕ್ಕಗಳಲ್ಲಿ ಗಾಳಿ ಹೊರಹೋಗಲು ಇರುವ ರಬ್ಬರ್ ಮುಚ್ಚಳ, ಸ್ಪೇರ್ ಟೈರಿನ ಗುಂಡಿ. ಬೆಲ್ಟಿನ ಪಟ್ಟಿಯನ್ನು ಕೊನೆಯವರೆಗೂ ಎಳೆದು ಬೆಳಕಿಗೆ ಹಿಡಿದು ನೋಡಿ, ಎಳೆ ಕತ್ತರಿಸಿದ್ದರೆ ಬೆಲ್ಟ್ ಬದಲಿಸಿ. ಚೂರು ಸಿಕ್ಕಿಕೊಂಡ ಪಟ್ಟಿ ಸುರುಳಿಯೊಳಗೆ ಹೋಗಿ ಬಂದಾಗಲೆಲ್ಲ ಕೊಯ್ಯುತ್ತಲೇ ಇರುತ್ತದೆ.

ಹೊಸ ಗಾಜು ಬರುವುದು ತಡವಾದರೆ ಪ್ಲಾಸ್ಟಿಕ್ ಕಟ್ಟಿ ನಿಲ್ಲಿಸಿ, ಆದರೆ ಟೇಪನ್ನು ಗಮ್ ಇರುವ ಅಂಚಿಗೆ ಅಂಟಿಸಬೇಡಿ. ಆ ಸ್ಥಿತಿಯಲ್ಲಿ ಓಡಿಸುವುದೂ ಒಳ್ಳೆಯದಲ್ಲ. ಓಡುವ ಸೆಡಾನ್‌ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸೈಲೆನ್ಸರ್ ಹೊಗೆ ತೆರೆದ ಜಾಗದಿಂದ ಒಳಗೆ ಬರುತ್ತದೆ.

ಒಳಗಿನ ಟ್ರಿಮ್

ಮೊದಲು ನಾಲ್ಕೂ ಬಾಗಿಲ ಗಾಜುಗಳನ್ನು ಮೂರು ನಾಲ್ಕು ಸೆಂ.ಮೀ. ಇಳಿಸಿ, ಡಿಕ್ಕಿ ತೆರೆದಿಡಿ. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ. ಈ ಕ್ರಮ ಹಿಂದುಮುಂದಾದರೆ ಕಿಟಕಿ ಇಳಿಯುವುದಿಲ್ಲ, ಬ್ಯಾಟರಿ ಡಿಕ್ಕಿಯಲ್ಲಿದ್ದು ಮುಚ್ಚಳ ಬೀಗ ಬಿದ್ದರೆ ಇನ್ನೂ ಫಜೀತಿ. ಕಿಟಕಿ ಇಳಿಸಿಡುವುದು ಏಕೆಂದು ಮುಂದೆ ಬರುತ್ತದೆ.

ಸಿ-ಪಿಲ್ಲರ್ (ಹಿಂದಿನ ಗಾಜಿನ ಪಕ್ಕದ ಕಂಬ) ಟ್ರಿಮ್ ಹಿಂದೆ ಪರದೆ ಏರ್‌ಬ್ಯಾಗ್, ಸೀಟಿನ ಪಕ್ಕದಲ್ಲಿ ಸೈಡ್ ಏರ್‌ಬ್ಯಾಗ್ ಇರಬಹುದು. ಬ್ಯಾಟರಿ ಬಿಚ್ಚಿದ ಮೇಲೆ ಕನಿಷ್ಠ 10 ನಿಮಿಷ ಕಾಯಿರಿ, ಸರ್ವಿಸ್ ಪುಸ್ತಕ ಹೆಚ್ಚು ಹೇಳಿದ್ದರೆ ಅಷ್ಟೂ ಹೊತ್ತು. ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್ ಬಿಚ್ಚಿರುವಾಗ ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ, ಅದನ್ನು ಅಳಿಸಲು ಸ್ಕ್ಯಾನರ್ ಬೇಕಾಗುತ್ತದೆ.

ಸೀಟಿನ ಕುಶನ್, ಒರಗು, ಪಿಲ್ಲರ್ ಟ್ರಿಮ್, ಮೇಲಿನ ಬ್ರೇಕ್ ಲೈಟ್, ಪಾರ್ಸೆಲ್ ಟ್ರೇ ಇದೇ ಸರದಿಯಲ್ಲಿ ಬಿಚ್ಚಿಕೊಳ್ಳುತ್ತವೆ. ಪ್ಲಾಸ್ಟಿಕ್ ಮೀಟು ಬಳಸಿ, ಕ್ಲಿಪ್ ಇರುವ ಜಾಗದ ಹತ್ತಿರವೇ ಎತ್ತಿ. ಡಿಫಾಗರ್ ವೈರ್, ಆಂಟೆನಾ ಕನೆಕ್ಟರ್ ಬಿಚ್ಚುವ ಮೊದಲು ಫೋಟೋ ತೆಗೆದಿಡಿ. ಚಾವಣಿಯ ಬಟ್ಟೆಯ ಹಿಂಬದಿಯನ್ನು ಸ್ವಲ್ಪ ಇಳಿಸಿದರೆ ಸಾಕು, ಮಡಿಸಿದರೆ ಆ ಮಡಿಕೆ ಹೋಗುವುದೇ ಇಲ್ಲ. ರೂಫ್ ಸ್ಪಾಯ್ಲರ್ ಗಾಜಿನ ಮೇಲಂಚಿಗೆ ಅಂಟಿಕೊಂಡಿದ್ದರೆ ಈಗಲೇ ನೈಲಾನ್ ದಾರದಿಂದ ಕೊಯ್ದು ತೆಗೆಯಿರಿ.

ಹಳೆಯ ಗಮ್, ತಗಡಿನ ಅಂಚು

ಇಡೀ ಕೆಲಸದ ಜೀವ ಇಲ್ಲಿದೆ. ಗಾಜು ಒಡೆಯದೆ ಉಳಿದಿದ್ದರೆ, ಅಥವಾ ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರ ಇರುವ ಎರಡು ಹಾಳೆಯ ಗಾಜು) ಆಗಿದ್ದರೆ, ಒಳಗಿನಿಂದ ದಾರ ತೂರಿಸಿ ಇಬ್ಬರು ಎರಡು ಕಡೆ ಹಿಡಿದು ಗಮ್ ಕೊಯ್ಯಬೇಕು. ಉಕ್ಕಿನ ತಂತಿ ಬಣ್ಣ ಕೊಯ್ಯುತ್ತದೆ, ಗಟ್ಟಿ ಸಿಂಥೆಟಿಕ್ ದಾರ ಆ ಅಪಾಯವಿಲ್ಲದೆ ಅದೇ ಕೆಲಸ ಮಾಡುತ್ತದೆ.

ಆಮೇಲೆ ತಗಡಿನ ಅಂಚಿನ ಮೇಲಿನ ಹಳೆಯ ಗಮ್ಮನ್ನು ಹರಿತವಾದ ಬ್ಲೇಡಿನಿಂದ 1ರಿಂದ 2 ಮಿ.ಮೀ. ದಪ್ಪ ಉಳಿಯುವಂತೆ ಸಮತಟ್ಟಾಗಿ ಹೆರೆಯಿರಿ. ಅಂಟಿಕೊಂಡ ಚೂರುಗಳೂ ಅದರ ಜೊತೆ ಬರುತ್ತವೆ. ಪೂರ್ತಿ ಕೆರೆದು ಲೋಹ ಕಾಣಿಸುವುದು ಅಚ್ಚುಕಟ್ಟೆಂದು ಕೆಲವರು ತಿಳಿಯುತ್ತಾರೆ, ಅದು ತಪ್ಪು. ಕಾರ್ಖಾನೆಯಲ್ಲಿ ಬಣ್ಣಕ್ಕೆ ಹಿಡಿದ ಗಮ್ ಕೈಯಿಂದ ಹಾಕುವ ಯಾವ ಪ್ರೈಮರಿಗಿಂತಲೂ ಭದ್ರ, ಹೊಸ ಗಮ್ ಹೊಸದಾಗಿ ಹೆರೆದ ಹಳೆಯ ಗಮ್ಮಿನ ಮೇಲೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಹೆರೆದ ಮೇಲ್ಮೈಯನ್ನು ಬೆರಳಿನಿಂದ ಮುಟ್ಟಬೇಡಿ, ಪೆಟ್ರೋಲ್ ಅಥವಾ ಥಿನ್ನರ್ ಹಚ್ಚಿ ಒರೆಸಬೇಡಿ. ಅದು ಗಮ್ಮಿನೊಳಗೆ ಇಳಿದು ಹಿಡಿತ ಕೆಡಿಸುತ್ತದೆ. ಹೆರೆದ ದಿನವೇ ಗಾಜು ಕೂರಿಸಿ.

ಬ್ಲೇಡ್ ತಾಗಿ ಬಣ್ಣ ಹೋದ ಕಡೆಗಳಿಗೆ ತಗಡಿನ ಪ್ರೈಮರ್ ತೆಳುವಾಗಿ ಹಚ್ಚಿ. ತುಕ್ಕು ಕಂಡರೆ ಗಾಜಿನ ಕೆಲಸ ಅಲ್ಲಿಗೆ ನಿಲ್ಲಿಸಿ, ಎಮರಿ ಪೇಪರಿನಿಂದ ಹೊಳೆಯುವ ಲೋಹದವರೆಗೆ ಉಜ್ಜಿ, ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ ಹಾಕಿ, ಡಬ್ಬದ ಮೇಲೆ ಹೇಳಿದಷ್ಟು ಒಣಗಿಸಿ. ಸ್ಪ್ರೇ ಡಬ್ಬಿಯ ಮಾಮೂಲಿ ಬಣ್ಣ ಬಳಿದು ಅದರ ಮೇಲೆ ಗಮ್ ಹಾಕಿದರೆ, ಗಮ್ ಬಣ್ಣಕ್ಕೆ ಹಿಡಿದಿರುತ್ತದೆ, ಬಣ್ಣ ತಗಡಿಗೆ ಹಿಡಿದಿರುವುದಿಲ್ಲ.

ಒಣ ಜೋಡಣೆ

ಗಮ್ ಇಲ್ಲದೆ ಒಮ್ಮೆ ಗಾಜನ್ನು ಕೂರಿಸಿ ನೋಡಿ. ಕೆಳಗಿನ ರಬ್ಬರ್ ಬ್ಲಾಕ್‌ಗಳ ಮೇಲೆ ಕೂರಬೇಕು, ಎಡ ಬಲ ಸಂದು ಒಂದೇ ಅಳತೆ ಇರಬೇಕು. ಸರಿಯಾದ ಮೇಲೆ ಗಾಜಿನಿಂದ ಚಾವಣಿಗೆ ಎರಡು ಕಡೆ, ಪಕ್ಕಕ್ಕೆ ಒಂದೊಂದು ಮಾಸ್ಕಿಂಗ್ ಟೇಪ್ ಅಂಟಿಸಿ, ಸಂದಿನ ಮೇಲೆ ಬ್ಲೇಡಿನಿಂದ ಕತ್ತರಿಸಿ ಗಾಜು ಎತ್ತಿ. ಕೊನೆಗೆ ಕೂರಿಸುವಾಗ ಟೇಪಿನ ಎರಡು ತುಂಡು ಎದುರುಬದುರಾದರೆ ಗಾಜು ಜಾಗದಲ್ಲಿದೆ ಎಂದೇ. ಗಮ್ ಮೇಲೆ ಇಟ್ಟ ಗಾಜನ್ನು ಅತ್ತಿತ್ತ ಸರಿಸಿ ಹೊಂದಿಸುವ ಅವಕಾಶ ಬಹಳ ಕಡಿಮೆ, ಸರಿಸಿದಷ್ಟೂ ಪಟ್ಟಿ ಹರಿದು ಸೋರುವ ದಾರಿಯಾಗುತ್ತದೆ.

ಗಾಜಿನ ಒಳ ಅಂಚಿನ ಕಪ್ಪು ಪಟ್ಟಿಯನ್ನು ಕ್ಲೀನರ್‌ನಿಂದ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಮೇಲೆ ಹಾಕಿದ ನೀರು ಹಾಳೆಯಂತೆ ಹರಡದೆ ಹನಿಹನಿಯಾಗಿ ನಿಂತರೆ ಎಣ್ಣೆಯೋ ಸಿಲಿಕೋನೋ ಉಳಿದಿದೆ, ಮತ್ತೆ ಒರೆಸಿ. ನಂತರ ಗಾಜಿನ ಪ್ರೈಮರನ್ನು ಒಂದೇ ದಿಕ್ಕಿನಲ್ಲಿ ಒಂದೇ ಪದರ ಹಚ್ಚಿ, ಲೇಬಲ್ ಹೇಳಿದಷ್ಟು ಹೊತ್ತು ಬಿಡಿ. ಅವಸರ ಮಾಡಿದರೆ ಪ್ರೈಮರಿನ ದ್ರಾವಕ ಗಮ್ಮಿನೊಳಗೆ ಸಿಕ್ಕಿಬೀಳುತ್ತದೆ.

ಗಮ್ ಹಾಕಿ ಕೂರಿಸುವುದು

ಟ್ಯೂಬಿನ ಮೂತಿಯಲ್ಲಿ 8 ಮಿ.ಮೀ. ಅಗಲ, 12 ಮಿ.ಮೀ. ಎತ್ತರದ ‘ವಿ’ ಆಕಾರದ ಕಚ್ಚು ಕತ್ತರಿಸಿ. ಗನ್ ನೇರವಾಗಿ ಹಿಡಿದು, ಹೆರೆದ ಹಳೆಯ ಗಮ್ಮಿನ ಮೇಲೆಯೇ ಎಲ್ಲೂ ನಿಲ್ಲದೆ ಒಂದು ಸುತ್ತು ಬನ್ನಿ. ಶುರುವನ್ನೂ ಕೊನೆಯನ್ನೂ ಮೂಲೆಯಲ್ಲಿ ಇಡಬೇಡಿ, ನೇರ ಅಂಚಿನ ನಡುವೆ ಇಟ್ಟು ಎರಡು ತುದಿಗಳನ್ನು ಕಡ್ಡಿಯಿಂದ ಒತ್ತಿ ಸೇರಿಸಿ. ತ್ರಿಕೋನವೇ ಏಕೆಂದರೆ ಒತ್ತಿದಾಗ ತುದಿ ಮೊದಲು ಗಾಜಿಗೆ ತಾಗಿ ಎರಡೂ ಕಡೆಗೆ ಹರಡುತ್ತದೆ, ಗಾಳಿಗುಳ್ಳೆ ಉಳಿಯುವುದಿಲ್ಲ. ದುಂಡು ಪಟ್ಟಿಯಲ್ಲಿ ಗುಳ್ಳೆ ಉಳಿದು ನೀರಿನ ದಾರಿಯಾಗುತ್ತದೆ.

ಪಟ್ಟಿ ಹಾಕಿದ ಹತ್ತು ನಿಮಿಷದೊಳಗೆ, ಲೇಬಲ್ ಕಡಿಮೆ ಹೇಳಿದ್ದರೆ ಅಷ್ಟರೊಳಗೆ, ಗಾಜು ಕೂರಬೇಕು. ಬಿಸಿಲು, ತೇವ ಹೆಚ್ಚಿದ್ದರೆ ಮೇಲ್ಪದರ ಬೇಗ ಚರ್ಮ ಕಟ್ಟುತ್ತದೆ. ಇಬ್ಬರೂ ವ್ಯಾಕ್ಯೂಮ್ ಕಪ್ ಹಿಡಿದು, ಮೊದಲು ಕೆಳ ಅಂಚನ್ನು ಬ್ಲಾಕಿನ ಮೇಲೆ ಇಟ್ಟು, ಟೇಪ್ ಗುರುತು ನೋಡುತ್ತ ಮೇಲಂಚು ಇಳಿಸಿ. ಅಂಗೈಯಿಂದ ಸುತ್ತಲೂ ಸಮನಾಗಿ ಒತ್ತಿ, ಚಾವಣಿಯ ತಗಡಿಗೂ ಗಾಜಿಗೂ ಎತ್ತರ ಒಂದೇ ಆಗುವವರೆಗೆ. ಮುಷ್ಟಿಯಿಂದ ಗುದ್ದಬೇಡಿ. ಹೊರಗೆ ಉಕ್ಕಿದ ಗಮ್ಮನ್ನು ಹಸಿಯಿರುವಾಗ ಒರೆಸಲು ಹೋದರೆ ಬಣ್ಣಕ್ಕೆಲ್ಲ ಬಳಿದುಕೊಳ್ಳುತ್ತದೆ, ಗಟ್ಟಿಯಾದ ಮೇಲೆ ಕತ್ತರಿಸುವುದು ಸುಲಭ. ಗಾಜು ಜಾರದಂತೆ ಟೇಪ್ ಹಾಕಿ 24 ಗಂಟೆ ಬಿಡಿ.

ಆಮೇಲಿನ ಎರಡು ದಿನ

ಗಮ್ ಹಸಿ ಇರುವಾಗ ಕಿಟಕಿಗಳೆಲ್ಲ ಮುಚ್ಚಿದ ಕಾರಿನ ಬಾಗಿಲನ್ನು ಧಡ್ ಎಂದು ಹಾಕಿದರೆ ಒಳಗಿನ ಗಾಳಿ ಗಾಜನ್ನು ಹೊರಕ್ಕೆ ತಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಎದ್ದರೂ ಸಾಕು, ಅಲ್ಲಿ ಸೋರುತ್ತದೆ. ಕಿಟಕಿ ಇಳಿಸಿಟ್ಟಿದ್ದು ಇದಕ್ಕೇ. ಸುರಕ್ಷಿತವಾಗಿ ಓಡಿಸಲು ಎಷ್ಟು ಹೊತ್ತು ಬೇಕೆಂದು ಟ್ಯೂಬಿನ ಮೇಲಿರುತ್ತದೆ. ಒಂದು ಗಂಟೆಯಿಂದ ಹಲವು ಗಂಟೆಗಳವರೆಗೆ ಇರಬಹುದು, ಚಳಿ ಮತ್ತು ಒಣ ಹವೆಯಲ್ಲಿ ಇನ್ನೂ ಹೆಚ್ಚು. ಯುರೇಥೇನ್ ಹೊರಗಿನಿಂದ ಒಳಕ್ಕೆ ದಿನಕ್ಕೆ ಮೂರು ನಾಲ್ಕು ಮಿ.ಮೀ.ಯಂತೆ ಗಟ್ಟಿಯಾಗುತ್ತದೆ, ಹಾಗಾಗಿ ಒತ್ತಡದ ನೀರಿನ ಕಾರ್‌ವಾಶ್, ಟ್ರ್ಯಾಕ್ ಓಟ, ಒಂದು ಚಕ್ರ ಎತ್ತರದ ಕಟ್ಟೆ ಹತ್ತಿಸಿ ನಿಲ್ಲಿಸುವುದು ಎರಡು ದಿನ ಬೇಡ. ಸನ್ ಫಿಲ್ಮ್ ಅಂಟಿಸುವುದನ್ನೂ ಮುಂದೂಡಿ.

ಡಿಫಾಗರ್ ಪರೀಕ್ಷೆಗೆ ಮೀಟರಿನ ಮೊನೆಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಬರೀ ಮೊನೆ ಗೆರೆಯನ್ನು ಕೆರೆಯುತ್ತದೆ. ಏರ್‌ಬ್ಯಾಗ್ ಕನೆಕ್ಟರ್ ಬಿಚ್ಚಿದ್ದರೆ ಅದನ್ನು ಮೊದಲು ಹಾಕಿ, ಆಮೇಲೆ ಬ್ಯಾಟರಿ ಜೋಡಿಸಿ ಡಿಫಾಗರ್ ಆನ್ ಮಾಡಿ. ಮೈನಸ್ ಮೊನೆ ಬಾಡಿಗೆ, ಇನ್ನೊಂದು ಪ್ರತಿ ಗೆರೆಯ ನಟ್ಟನಡುವಿಗೆ. ಸುಮಾರು 6 ವೋಲ್ಟ್ ಬಂದರೆ ಗೆರೆ ಸರಿ. ಪೂರ್ತಿ 12 ವೋಲ್ಟ್ ಬಂದರೆ ನಡುವಿನಿಂದ ಅರ್ತ್ ಕಡೆಗೆ, ಸೊನ್ನೆ ಬಂದರೆ ಪ್ಲಸ್ ಕಡೆಗೆ ತುಂಡಾಗಿದೆ. ಗೆರೆ ಸಣ್ಣದಾಗಿ ತುಂಡಾಗಿದ್ದರೆ ವಿದ್ಯುತ್ ಹರಿಸುವ ಬೆಳ್ಳಿಯ ಪೇಂಟಿನಿಂದ ಸೇರಿಸಬಹುದು.

ಟ್ರಿಮ್ ಪೂರ್ತಿ ಜೋಡಿಸುವ ಮೊದಲೇ, ಮರುದಿನ, ನೀರು ಬಿಟ್ಟು ನೋಡಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಪೈಪಿನಿಂದ ಮೆಲ್ಲಗೆ ಕೆಳ ಅಂಚಿನಿಂದ ಶುರುಮಾಡಿ ಮೇಲಕ್ಕೆ ಹೋಗಲಿ. ಮೇಲಿನಿಂದ ಶುರುಮಾಡಿದರೆ ನೀರು ಇಳಿದು ಬಂದು ಸೋರುವ ನಿಜವಾದ ಜಾಗ ಯಾವುದೆಂದು ತಿಳಿಯುವುದಿಲ್ಲ. ಹನಿ ಕಂಡ ಜಾಗಕ್ಕೆ ಗುರುತು ಹಾಕಿ, ಒಣಗಿಸಿ, ಹೊರಗಿನಿಂದ ಬೀಡಿಂಗ್ ಎತ್ತಿ ಅದೇ ಕಂಪನಿಯ ಯುರೇಥೇನ್ ಸಂದಿಗೆ ತುಂಬಿ ಕಡ್ಡಿಯಿಂದ ಒತ್ತಿ. ಒಂದು ಕಡೆ ಸೋರಿದರೆ ಇಷ್ಟು ಸಾಕು. ಮೂರು ನಾಲ್ಕು ಕಡೆ ಹನಿದರೆ ತೇಪೆ ಹಾಕುತ್ತ ಕೂರಬೇಡಿ, ಪಟ್ಟಿಯೇ ಸರಿಯಾಗಿ ಹಿಡಿದಿಲ್ಲ. ಗಾಜನ್ನು ದಾರದಿಂದ ಕೊಯ್ದು ತೆಗೆದು, ಹೆರೆಯುವಲ್ಲಿಂದ ಮತ್ತೆ ಶುರುಮಾಡಬೇಕು.