ಆಮೇಲೆ ಹಾಕಿದ ಟ್ಯೂಬ್

ಆ ಗ್ರಾಫ್ ಇಂದಿಗೂ ನನ್ನ ಹತ್ತಿರ ಇದೆ. ನೋಡಲು ತುಂಬಾ ಚೆಂದ. ಒಂದು ಗಿಡದ ಬೇರಿನ ಸಾರ ಜಾಸ್ತಿ ಮಾಡುತ್ತಾ ಹೋದ ಹಾಗೆ ಎಂಜೈಮ್‌ನ ಕೆಲಸ ನಯವಾಗಿ ಇಳಿಯುತ್ತದೆ, ಕೊನೆಗೆ ನೆಲ ಮುಟ್ಟುತ್ತದೆ. ಪಿಎಚ್‌ಡಿಯ ಎರಡನೇ ವರ್ಷ ಅದನ್ನು ಪ್ರಿಂಟ್ ತೆಗೆದು ಗೈಡ್ ಮೇಜಿನ ಮೇಲೆ ಇಟ್ಟಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಅವರು ಸ್ವಲ್ಪ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ನಿಂತಿದ್ದು ಎಂಜೈಮಾ, ಮೆಷಿನ್ನಾ?"

ಉತ್ತರ ಹುಡುಕಲು ನನಗೆ ಎಂಟು ತಿಂಗಳು ಹಿಡಿಯಿತು.

ನಾನು ನೋಡುತ್ತಿದ್ದುದು ಸಿವೈಪಿ 3ಎ4 ಎಂಬ ಎಂಜೈಮನ್ನು. ನಾವು ನುಂಗಿದ ಮಾತ್ರೆಯನ್ನು ದೇಹ ಹೊರಗಿನ ವಸ್ತು ಅಂತಲೇ ನೋಡುತ್ತದೆ. ಕರುಳಿನ ಗೋಡೆ, ಆಮೇಲೆ ಲಿವರ್, ಎರಡೂ ಸೇರಿ ಅದನ್ನು ಬದಲಾಯಿಸಿ ಹೊರಗೆ ಕಳಿಸುವ ದಾರಿ ನೋಡುತ್ತವೆ. ಈ ಕೆಲಸದ ದೊಡ್ಡ ಪಾಲು ಸೈಟೋಕ್ರೋಮ್ ಪಿ450 ಮನೆತನದ್ದು. ಕಾರ್ಬನ್ ಮೊನಾಕ್ಸೈಡ್ ಅಂಟಿಕೊಂಡಾಗ 450 ನ್ಯಾನೋಮೀಟರ್ ಹತ್ತಿರ ಬೆಳಕನ್ನು ಹೀರುತ್ತದೆ, ಅದಕ್ಕೇ ಆ ಹೆಸರು. ಮನುಷ್ಯರಲ್ಲಿ ಈ ಮನೆತನಕ್ಕೆ 57 ಜೀನ್‌ಗಳಿವೆ. ಆದರೆ ಔಷಧಿಗಳ ವಿಷಯಕ್ಕೆ ಬಂದರೆ ಹೆಚ್ಚು ದುಡಿಯುವುದು 3ಎ4. ಅದನ್ನು ಯಾವುದಾದರೂ ಗಿಡದ ಅಂಶ ತಡೆದರೆ, ಜೊತೆಗೆ ತೆಗೆದುಕೊಂಡ ಮಾತ್ರೆ ರಕ್ತದಲ್ಲಿ ಏರಿ ಕೂರುತ್ತದೆ. ಎಂಜೈಮ್ ಜಾಸ್ತಿಯಾಗುವಂತೆ ಮಾಡಿದರೆ ಮಾತ್ರೆ ಕೆಲಸ ಮಾಡುವ ಮೊದಲೇ ಖಾಲಿ.

ಇದು ಕಾಗದದ ಮೇಲಿನ ಭಯವಲ್ಲ. 1989ರಲ್ಲಿ ಕೆನಡಾದ ಡೇವಿಡ್ ಬೇಯ್ಲಿ ಅವರ ತಂಡ ಫೆಲೋಡಿಪಿನ್ ಎಂಬ ಬಿಪಿ ಔಷಧಿಯ ಮೇಲೆ ಮದ್ಯದ ಪರಿಣಾಮ ನೋಡುತ್ತಿತ್ತು. ಮದ್ಯದ ರುಚಿ ಗೊತ್ತಾಗಬಾರದೆಂದು ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಚಕ್ಕೋತದ ಜಾತಿಯ ಹಣ್ಣು) ರಸ ಬೆರೆಸಿದರು. ಔಷಧಿಯ ಮಟ್ಟ ಲೆಕ್ಕಕ್ಕೆ ಸಿಗದಷ್ಟು ಏರಿತು. ಕಾರಣ ಮದ್ಯವಲ್ಲ, ರಸ! ಅದರೊಳಗಿನ ಫ್ಯುರಾನೋಕೌಮರಿನ್‌ಗಳು ಕರುಳಿನ 3ಎ4 ಅನ್ನು ಕೆಡಿಸಿಬಿಡುತ್ತವೆ. ಇನ್ನೊಂದು ತುದಿಯಲ್ಲಿ ಸೇಂಟ್ ಜಾನ್ಸ್ ವರ್ಟ್ ಇದೆ, ಮನಸ್ಸಿನ ಬೇಸರಕ್ಕೆ ಬಳಸುವ ಹಳದಿ ಹೂವಿನ ಗಿಡ. 2000ರಲ್ಲಿ 8 ಆರೋಗ್ಯವಂತರಿಗೆ ಅದನ್ನು ಎರಡು ವಾರ ಕೊಟ್ಟಾಗ ಎಚ್‌ಐವಿ ಔಷಧಿ ಇಂಡಿನಾವಿರ್ ರಕ್ತದಲ್ಲಿ ಸರಾಸರಿ ಶೇ. 57ರಷ್ಟು ಕುಸಿಯಿತು. "ಗಿಡದ್ದು, ಏನೂ ಆಗಲ್ಲ" ಅನ್ನುವವರಿಗೆ ನಾನು ಸಾಮಾನ್ಯವಾಗಿ ಈ ಎರಡನ್ನೇ ಹೇಳುವುದು.

ಸರಿ, ನನ್ನ ಕೆಲಸಕ್ಕೆ ಬರುತ್ತೇನೆ.

ಮಾನವ ಲಿವರ್‌ನಿಂದ ತೆಗೆದ ಮೈಕ್ರೋಸೋಮ್‌ಗಳು, ಅಂದರೆ ಈ ಎಂಜೈಮ್‌ಗಳಿರುವ ಜೀವಕೋಶದ ಪೊರೆಯ ಚೂರುಗಳು, ಸಣ್ಣ ಟ್ಯೂಬಿನಲ್ಲಿ ಬರುತ್ತವೆ, ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಐಸ್ ಮೇಲೆ ನಿಧಾನವಾಗಿ ಕರಗಿಸುತ್ತೇನೆ. ಅವಸರದಲ್ಲಿ ಅಂಗೈಯಲ್ಲಿ ಉಜ್ಜಿ ಕರಗಿಸಿದ್ದೂ ಉಂಟು, ಆ ದಿನದ ಅಂಕಿಗಳನ್ನು ಹಾಗೇ ಎಸೆದೆ. ಪಿಎಚ್ 7.4ರ ಫಾಸ್ಫೇಟ್ ಬಫರ್, ಅದರಲ್ಲಿ ಮೈಕ್ರೋಸೋಮ್, 3ಎ4 ಬದಲಾಯಿಸುವ ಮಿಡಾಜೋಲಮ್ ಎಂಬ ನಿದ್ದೆಯ ಔಷಧಿ, ಬೇರಿನ ಸಾರ. ಸಾರ ಕರಗಿಸಲು ಬಳಸುವ ಡಿಎಂಎಸ್‌ಒ ತೀರಾ ಕಡಿಮೆ ಇರಬೇಕು, ಇಲ್ಲವಾದರೆ ಅದೇ ಎಂಜೈಮನ್ನು ತಡೆಯುತ್ತದೆ. 37 ಡಿಗ್ರಿ ನೀರಿನಲ್ಲಿ ಟ್ಯೂಬ್‌ಗಳು ಬೆಚ್ಚಗಾದ ಮೇಲೆ ಎಂಜೈಮ್‌ಗೆ ಇಂಧನದಂತಿರುವ ಎನ್‌ಎಡಿಪಿಎಚ್ ಹಾಕಿದರೆ ಓಟ ಶುರು. ಐದು ನಿಮಿಷಕ್ಕೆ ತಣ್ಣನೆಯ ಅಸಿಟೋನೈಟ್ರೈಲ್ ಸುರಿದು ನಿಲ್ಲಿಸುತ್ತೇನೆ. ಪ್ರೋಟೀನ್ ಬಿಳಿ ಮೋಡದಂತೆ ಒಡೆಯುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿ ತೆಗೆದು, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಡುತ್ತೇನೆ. 3ಎ4 ಮಿಡಾಜೋಲಮ್‌ಗೆ ಒಂದು ಆಮ್ಲಜನಕ ಸೇರಿಸಿದೆಯಾ, ಎಷ್ಟು ಸೇರಿಸಿದೆ ಅನ್ನುವುದೇ ಲೆಕ್ಕ. ಆಮ್ಲಜನಕ ಸೇರಿದ ಅಣುವಿನ ಅಯಾನಿನ (ವಿದ್ಯುದಂಶ ಪಡೆದ ಅಣುವಿನ) ತೂಕ 342, ಅದು ಒಡೆದು 324 ಆಗುತ್ತದೆ, ಅಂದರೆ ಒಂದು ನೀರಿನ ಅಣು ಕಳಚಿಕೊಳ್ಳುತ್ತದೆ. ಅದನ್ನು ಮೆಷಿನ್ ಎಣಿಸುತ್ತದೆ.

ಇಷ್ಟಕ್ಕೆ ಬರುವ ಮೊದಲು ನಾನು ಸುಲಭದ ದಾರಿ ಹಿಡಿದಿದ್ದೆ: ಹೊಳೆಯುವ ಬಣ್ಣ ಕೊಡುವ ಪ್ಲೇಟ್ ಪರೀಕ್ಷೆ. ಒಂದು ಬೆಳಿಗ್ಗೆಯಲ್ಲಿ ಪ್ಲೇಟಿನ 96 ಗುಳಿಗಳೂ ಮುಗಿಯುತ್ತವೆ. ಆದರೆ ನನ್ನ ಸಾರ ಕಂದು ಬಣ್ಣದ್ದು. ಹೊಳಪನ್ನು ಅದೇ ನುಂಗಿಹಾಕುತ್ತಿತ್ತು. ಗಿಡದ ಎಷ್ಟೋ ಅಂಶಗಳು ಬಣ್ಣದವು, ಕೆಲವು ತಾವೇ ಹೊಳೆಯುತ್ತವೆ. ಅರಿಶಿನದ ಕರ್ಕ್ಯುಮಿನ್ ಅಂತೂ ಈ ವಿಷಯದಲ್ಲಿ ಕುಖ್ಯಾತ. ಅದಕ್ಕೇ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಬಂದೆ. ಬಣ್ಣ ಏನಿದ್ದರೂ ಅದಕ್ಕೇನು, ತೂಕ ನೋಡುವ ಮೆಷಿನ್ ಅಲ್ವಾ ಅಂತ ಧೈರ್ಯ. ಗೈಡ್ ಮೇಜಿನ ಮೇಲೆ ಇಟ್ಟ ಚೆಂದದ ಗ್ರಾಫ್ ಬಂದದ್ದು ಆ ಧೈರ್ಯದಿಂದಲೇ.

ಅವರ ಪ್ರಶ್ನೆಗೆ ಉತ್ತರ ಹುಡುಕಲು ಮಾಡಿದ ಪ್ರಯೋಗ ನಾಚಿಕೆಯಾಗುವಷ್ಟು ಸರಳ. ಸಾರ ಹಾಕದೆ ಟ್ಯೂಬ್ ಓಡಿಸಿದೆ. ಐದು ನಿಮಿಷ ಆಯಿತು, ನಿಲ್ಲಿಸಿದೆ. ಎಂಜೈಮ್ ಸತ್ತಿದೆ, ಆಗಬೇಕಾದದ್ದೆಲ್ಲ ಆಗಿದೆ. ಈಗ ಸಾರ ಹಾಕಿದೆ. ಸತ್ತ ಎಂಜೈಮನ್ನು ಅದು ತಡೆಯುವುದು ಹೇಗೆ? ಅಂಕಿ ಹಾಗೇ ಇರಬೇಕು. ಸ್ಕ್ರೀನ್ ಮೇಲೆ ನೋಡಿದರೆ, ಅಣು ಎಷ್ಟಿದೆ ಅಂತ ತೋರಿಸುವ ಪೀಕ್ ಕುಗ್ಗಿತ್ತು. ಸಾರ ಹೆಚ್ಚಿಸಿದರೆ ಇನ್ನೂ ಕುಗ್ಗಿತು. ನನ್ನ ಚೆಂದದ ಗ್ರಾಫಿನ ಹೆಚ್ಚಿನ ಪಾಲು ಅಲ್ಲೇ ಇತ್ತು.

ಆಗುತ್ತಿದ್ದುದು ಇಷ್ಟು. ಮೆಷಿನ್‌ನ ಬಾಯಲ್ಲಿ ಹನಿಗಳು ಆವಿಯಾಗುವಾಗ ಅಣುಗಳು ವಿದ್ಯುದಂಶ ಪಡೆಯಬೇಕು. ಗಿಡದ ಸಾರದಲ್ಲಿ ನೂರಾರು ಅಂಶಗಳು. ಅವು ಅದೇ ಹೊತ್ತಿಗೆ ಬಂದರೆ ತಳ್ಳಾಟ. ನನ್ನ ಅಣುವಿಗೆ ಪಾಲು ಸಿಗುವುದಿಲ್ಲ, ಮೆಷಿನ್‌ಗೆ ಅದು ಕಾಣಿಸುವುದೂ ಇಲ್ಲ. ಅಳತೆ ಹೋಲಿಸಿ ನೋಡಲು ನಾನು ಗೊತ್ತಾದಷ್ಟು ಜೊತೆಗೆ ಹಾಕುತ್ತಿದ್ದ ಇಂಟರ್ನಲ್ ಸ್ಟ್ಯಾಂಡರ್ಡ್ ಬೇರೆಯೇ ಔಷಧಿ, ಮೆಷಿನ್‌ಗೆ ಮೊದಲು ಅಂಶಗಳನ್ನು ಬೇರ್ಪಡಿಸುವ ಕಾಲಮ್‌ನಿಂದ ತಡವಾಗಿ ಹೊರಬರುತ್ತಿತ್ತು. ತಳ್ಳಾಟ ಮುಗಿದ ಮೇಲೆ ಬಂದದ್ದಕ್ಕೆ ಒಳಗೆ ಏನಾಯಿತು ಅಂತ ಹೇಗೆ ಗೊತ್ತಾಗಬೇಕು? ಕೊನೆಗೆ ಅದೇ ಅಣುವಿನ ನಾಲ್ಕು ಹೈಡ್ರೋಜನ್ ಬದಲು ಡ್ಯುಟೀರಿಯಮ್ (ತೂಕ ಹೆಚ್ಚಿರುವ ಹೈಡ್ರೋಜನ್) ಇರುವುದನ್ನು ತರಿಸಿದೆವು. ತೂಕ 346. ಬಹುತೇಕ ಒಟ್ಟಿಗೇ ಬರುತ್ತದೆ, ಏಟೂ ಒಟ್ಟಿಗೇ ತಿನ್ನುತ್ತದೆ, ಹಾಗಾಗಿ ಎರಡರ ಅನುಪಾತ ಅಲ್ಲಾಡುವುದಿಲ್ಲ.

ಓಟ ನಿಂತ ಮೇಲೆ ಸಾರ ಹಾಕಿ ನೋಡುವ ಆ ಪರೀಕ್ಷೆಗೆ ನನ್ನ ನೋಟ್‌ಬುಕ್‌ನಲ್ಲಿ "ಆಮೇಲೆ ಹಾಕಿದ್ದು" ಅಂತಲೇ ಹೆಸರು. ಅದಿಲ್ಲದೆ ಈಗ ಒಂದು ಸಾರವನ್ನೂ ಓಡಿಸುವುದಿಲ್ಲ.

ಇನ್ನೊಂದು ಕಳ್ಳನೂ ಇದ್ದ. ಸಾರ ಜಾಸ್ತಿ ಇದ್ದ ಟ್ಯೂಬ್‌ಗಳು ನಿಲ್ಲಿಸುವ ಮೊದಲೇ ಸ್ವಲ್ಪ ಮಬ್ಬಾಗಿರುತ್ತಿದ್ದವು. ತಿಂಗಳುಗಟ್ಟಲೆ ನೋಡಿಯೂ ನೋಡದ ಹಾಗಿದ್ದೆ. ಅದು ಟ್ಯಾನಿನ್. ಎದುರಿಗೆ ಬಂದ ಯಾವ ಪ್ರೋಟೀನನ್ನೂ ಬಿಡದೆ ಅಂಟಿಕೊಂಡು ಮುದ್ದೆ ಮಾಡುತ್ತದೆ. ಎಂಜೈಮ್ ನಿಂತಿದ್ದು ನಿಜವೇ, ಆದರೆ ಆ ರೀತಿ ಎಲ್ಲ ಎಂಜೈಮೂ ನಿಲ್ಲುತ್ತದೆ. ದೇಹದಲ್ಲಿ ಅಷ್ಟು ದೊಡ್ಡ ಟ್ಯಾನಿನ್ ಅಣು ಕರುಳು ದಾಟಿ ಲಿವರ್ ತನಕ ಹೋಗುವುದು ಕಷ್ಟ. ಪಾಲಿಅಮೈಡ್ ಪುಡಿಯ ಮೂಲಕ ಸೋಸಿ ಟ್ಯಾನಿನ್ ತೆಗೆದೆ. ಸಾರದ ಬಣ್ಣವೂ ಇಳಿಯಿತು, ನನ್ನ ಉತ್ಸಾಹವೂ.

ಎಲ್ಲ ಕಳೆದ ಮೇಲೆ ಸ್ವಲ್ಪ ಉಳಿಯಿತು. ಈ ಸ್ವಲ್ಪವೇ ನಿಜವಾದದ್ದು. ಸಾರವನ್ನು ಮೈಕ್ರೋಸೋಮ್ ಮತ್ತು ಎನ್‌ಎಡಿಪಿಎಚ್ ಜೊತೆ 30 ನಿಮಿಷ ಮೊದಲೇ ಇಟ್ಟು, ಆಮೇಲೆ ಮಿಡಾಜೋಲಮ್ ಹಾಕಿದೆ. ಗ್ರಾಫ್ ಎಡಕ್ಕೆ ಸರಿಯಿತು, ಅಂದರೆ ಮೊದಲಿಗಿಂತ ಕಡಿಮೆ ಸಾರಕ್ಕೇ ಎಂಜೈಮ್ ನಿಂತಿತು. ಎನ್‌ಎಡಿಪಿಎಚ್ ಇಲ್ಲದೆ ಅಷ್ಟೇ ಹೊತ್ತು ಇಟ್ಟರೆ ಸರಿಯಲಿಲ್ಲ. ಇದರ ಅರ್ಥ, ಎಂಜೈಮ್ ತಾನೇ ಆ ಅಂಶವನ್ನು ಬದಲಾಯಿಸಿ, ಬದಲಾದದ್ದು ತನ್ನ ಕೊರಳಿಗೇ ಸುತ್ತಿಕೊಳ್ಳುತ್ತಿದೆ. ಇಂಥ ತಡೆ ಗಿಡದ ಅಂಶ ದೇಹದಿಂದ ಹೋದ ಮೇಲೂ ಉಳಿಯುತ್ತದೆ, ಹೊಸ ಎಂಜೈಮ್ ತಯಾರಾಗುವ ತನಕ. ಗ್ರೇಪ್‌ಫ್ರೂಟ್ ಮಾಡುವುದೂ ಇದನ್ನೇ.

ಸಾರವನ್ನು ಭಾಗ ಭಾಗವಾಗಿ ಬೇರ್ಪಡಿಸಿ ಒಂದೊಂದನ್ನೂ ಪರೀಕ್ಷಿಸುವುದು ಬೇಸರದ ಕೆಲಸ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಪ್ಪಿತಸ್ಥ ಭಾಗದ ಮುಖ್ಯ ಅಣುವಿನಲ್ಲಿ ಮೀಥೈಲೀನ್‌ಡೈಆಕ್ಸಿಫೀನೈಲ್ ಉಂಗುರ ಸಿಕ್ಕಿತು. ಕರಿಮೆಣಸಿನ ಪಿಪೆರಿನ್‌ನಲ್ಲೂ ಇರುವುದು ಇದೇ. ಈ ಉಂಗುರವನ್ನು ಪಿ450 ಮುಟ್ಟಿದರೆ ಕಾರ್ಬೀನ್ ಎಂಬ ಚುರುಕಾದ ರೂಪ ಹುಟ್ಟಿ ಎಂಜೈಮ್‌ನ ನಡುವಿನ ಕಬ್ಬಿಣಕ್ಕೆ ಅಂಟಿ ಕೂರಬಲ್ಲದು. ಬೆಳಕು ಹೀರುವುದನ್ನು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ, ಹಾಗೆ ಅಂಟಿದ್ದರ ಗುರುತಾಗಿ 455 ನ್ಯಾನೋಮೀಟರ್ ಹತ್ತಿರ ಸಣ್ಣ ಗುಡ್ಡ ಏಳುವುದನ್ನು ನೋಡಿದ ಸಂಜೆ ಮಾತ್ರ ನಾನು ಮತ್ತೆ ಗೈಡ್ ರೂಮಿಗೆ ಹೋದದ್ದು. ಈ ಸಲ ಪ್ರಿಂಟ್ ತೆಗೆದಿರಲಿಲ್ಲ, ಕರೆದುಕೊಂಡು ಬಂದು ಮೆಷಿನ್ ಮುಂದೆಯೇ ತೋರಿಸಿದೆ.

"ಸರಿ, ನಿಂತಿದೆ," ಅಂದರು. "ರಕ್ತಕ್ಕೆ ಹೋಗುತ್ತಾ?"

ಈಗಿನ ಕೆಲಸ ಅದೇ. ಗಿಡದ ಅಂಶ ಹೊಟ್ಟೆ ಸೇರಿದಾಗಿನ ರೂಪದಲ್ಲೇ ಉಳಿಯುವುದು ಅಪರೂಪ. ಸಕ್ಕರೆ ಅಂಟಿಕೊಂಡ ಅಣುವಾದರೆ ಕರುಳಿನ ಬ್ಯಾಕ್ಟೀರಿಯಾ ಮೊದಲು ಸಕ್ಕರೆ ಕಳಚುತ್ತವೆ. ಜೇಷ್ಠಮಧುವಿನ ಗ್ಲಿಸಿರೈಜಿನ್ ಹಾಗೇ ಗ್ಲಿಸಿರೆಟಿನಿಕ್ ಆಮ್ಲವಾಗುತ್ತದೆ, ಪೊಟ್ಯಾಸಿಯಮ್ ಇಳಿಸಿ ಬಿಪಿ ಏರಿಸುವುದು ಈ ಎರಡನೆಯದು. ಟ್ಯೂಬಿನಲ್ಲಿ ಮೊದಲನೆಯದನ್ನು ಮಾತ್ರ ಹಾಕಿ ನೋಡಿದವರಿಗೆ ಕಥೆಯ ಅರ್ಧ ಸಿಗುವುದಿಲ್ಲ. ನನ್ನ ಅಣುವಿನಲ್ಲಿ ಸಕ್ಕರೆ ಇಲ್ಲ, ಅದೊಂದು ಸಮಾಧಾನ. ಆದರೆ ಲಿವರ್ ತಲುಪುವ ಮೊದಲು ಕರುಳಿನ ಗೋಡೆಯ 3ಎ4 ಎದುರಾಗುತ್ತದೆ, ಅಲ್ಲಿ ನನ್ನ ಅಣುವಿನ ಪ್ರಮಾಣ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರಬಹುದು. ರಕ್ತದಲ್ಲಿ ಸಿಗದಿದ್ದರೂ ತೊಂದರೆ ಕೊಡಬಹುದು ಅಂತಾಯಿತು. ಹಾಗಾಗಿ ಕರುಳಿನ ಮೈಕ್ರೋಸೋಮ್ ತರಿಸಿದ್ದೇನೆ. ಸೋಮವಾರ ಮೊದಲ ಓಟ. ಟ್ಯೂಬ್‌ಗಳಿಗೆ ಹೆಸರು ಬರೆದು ಇಟ್ಟಾಗಿದೆ, ಕೊನೆಯ ಮೂರರ ಮೇಲೆ "ಆಮೇಲೆ ಹಾಕಿದ್ದು".