ಕುದುರೆಗೆ ಕಡಿವಾಣ: ಬಾಯಿಯ ಅಳತೆ ತೆಗೆಯುವುದು ಹೇಗೆ?

ಲಗಾಮು ಹಿಡಿದ ಕೂಡಲೇ ನಿಮ್ಮ ಕುದುರೆ ತಲೆ ಕೊಡವುತ್ತದೆಯೇ? ಬಾಯಿ ತೆರೆಯುತ್ತದೆಯೇ, ನಾಲಿಗೆ ಪಕ್ಕಕ್ಕೆ ಹಾಕುತ್ತದೆಯೇ? ಕೊಬ್ಬು ಜಾಸ್ತಿ ಅಂತ ಬೈಯುವ ಮೊದಲು ಅದರ ಬಾಯಲ್ಲಿರುವ ಬಿಟ್, ಅಂದರೆ ಕಡಿವಾಣದ ಕಬ್ಬಿಣ, ಅಳೆದು ನೋಡಿ.

ನಾನು ಇದನ್ನು ಕಲಿತದ್ದು ತಡವಾಗಿ. ರೇಸಿನಿಂದ ನಿವೃತ್ತಿಯಾದ ಒಂದು ಹೆಣ್ಣು ಕುದುರೆಯ ಮೇಲೆ ಸವಾರಿ ಕಲಿಯುತ್ತಿದ್ದೆ. ಎಡಕ್ಕೆ ತಿರುಗಿಸಿದರೆ ಸಾಕು, ತಲೆ ಮೇಲಕ್ಕೆ ಎಸೆಯುತ್ತಿತ್ತು. ಹಠಮಾರಿ ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಕೊನೆಗೆ ಲಾಯದ ಕೆಲಸದಲ್ಲೇ ಕೂದಲು ಹಣ್ಣಾದ ಹಿರಿಯರೊಬ್ಬರು ಅದರ ತುಟಿ ಬಿಡಿಸಿ ತೋರಿಸಿದರು. ಕಟವಾಯಿಯಲ್ಲಿ ಹಸಿ ಗಾಯ. ಬಿಟ್ ಅದರ ಬಾಯಿಗಿಂತ ಅರ್ಧ ಇಂಚಿಗೂ ಜಾಸ್ತಿ ಅಗಲವಿತ್ತು. ಬೇರೆ ಕುದುರೆಯದ್ದನ್ನು ತೆಗೆದು ಇದಕ್ಕೆ ಹಾಕಿದ್ದರು, ಅಷ್ಟೇ. ಪಾಪ, ಅದು ತಿಂಗಳುಗಟ್ಟಲೆ ನೋವು ಅಂತ ಹೇಳುತ್ತಲೇ ಇತ್ತು.

ಮೊದಲು ಬಿಟ್ ಕೂರುವ ಜಾಗ ತಿಳಿದುಕೊಳ್ಳಿ. ಕುದುರೆಯ ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಖಾಲಿ ಜಾಗ ಇರುತ್ತದೆ. ಕಬ್ಬಿಣ ಅಲ್ಲಿ ನಾಲಿಗೆಯ ಮೇಲೆ ಹಾದು, ಎರಡೂ ಬದಿಯ ಒಸಡಿನ ಮೇಲೆ ಕೂರುತ್ತದೆ. ಆ ಒಸಡು ತುಂಬಾ ತೆಳು, ಕೆಳಗೆ ನೇರ ಮೂಳೆಯೇ. ನಿಮ್ಮ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಮೇಲೆ ಚಮಚದ ಹಿಡಿಯನ್ನು ಒತ್ತಿ ನೋಡಿ, ಗೊತ್ತಾಗುತ್ತದೆ. ಗಂಡು ಕುದುರೆಗಳಿಗೆ 4-5 ವರ್ಷದ ಹೊತ್ತಿಗೆ ಇದೇ ಜಾಗದಲ್ಲಿ ಕೋರೆಹಲ್ಲು ಬರುತ್ತದೆ. ಕೆಲವಕ್ಕೆ ದವಡೆಹಲ್ಲಿನ ಮುಂದೆ ಕಡಲೆಯಷ್ಟು ಪುಟ್ಟ ಹಲ್ಲೊಂದು ಇರುತ್ತದೆ, ವುಲ್ಫ್ ಟೂತ್ ಅಂತಾರೆ. ಬಿಟ್ ಅದಕ್ಕೆ ತಾಗಿದರೆ ನೋವಾಗಬಹುದು. ಅದಕ್ಕೇ ಅಳತೆಗೂ ಮುಂಚೆ ಪಶುವೈದ್ಯರಿಗೆ ಹಲ್ಲು ತೋರಿಸಿ.

ಅಳತೆ ತೆಗೆಯಲು ಬೇಕಾದದ್ದು ಒಂದು ಮೊಳ ಶುಭ್ರವಾದ ನೂಲಿನ ಹಗ್ಗ, ಒಂದು ಪೆನ್ನು, ಒಂದು ಟೇಪು. ಹಗ್ಗದ ಒಂದು ತುದಿಗೆ ಗಂಟು ಹಾಕಿ. ಕುದುರೆಯನ್ನು ಮಾತಾಡಿಸುತ್ತಾ ಪಕ್ಕದಲ್ಲಿ ನಿಲ್ಲಿ, ಹೆಬ್ಬೆರಳನ್ನು ಕಟವಾಯಿಯ ಹತ್ತಿರ ಹಲ್ಲಿಲ್ಲದ ಜಾಗಕ್ಕೆ ಒತ್ತಿದರೆ ಅದೇ ಬಾಯಿ ತೆರೆಯುತ್ತದೆ. ಹಗ್ಗವನ್ನು ಬಿಟ್ ಇರುವಂತೆಯೇ ಅಡ್ಡ ಹಾಯಿಸಿ. ಗಂಟು ಒಂದು ಕಟವಾಯಿಗೆ ಮೆಲ್ಲಗೆ ತಾಗಿರಲಿ, ಇನ್ನೊಂದು ಕಡೆ ತುಟಿಯ ಹೊರ ಅಂಚಿನಲ್ಲಿ ಗುರುತು ಮಾಡಿ. ಹಗ್ಗ ಬಿಗಿಯಾಗಿರಬೇಕು. ನಾಲಿಗೆಯ ಮೇಲೆ ಬಾಗಿದರೆ ಅಳತೆ ಜಾಸ್ತಿ ಬರುತ್ತದೆ, ತುಟಿಯನ್ನು ಒಳಗೆ ತಳ್ಳಿದರೆ ಕಡಿಮೆ ಬರುತ್ತದೆ. ನನಗೆ ಮೊದಲ ಸಲ ಸರಿಯಾಗಿ ಬಂದದ್ದೇ ಇಲ್ಲ, ಹಾಗಾಗಿ ಮೂರು ಸಲ ಅಳೆಯಿರಿ. ಜೊತೆಗೆ ಒಬ್ಬರಿದ್ದರೆ ಒಳ್ಳೆಯದು.

ಈಗ ಬಿಟ್‌ನ ಲೆಕ್ಕ. ಲೂಸ್ ರಿಂಗ್ ಬಿಟ್‌ನಲ್ಲಿ ಲಗಾಮು ಕಟ್ಟುವ ಎರಡು ಬದಿಯ ಬಳೆ ಕಬ್ಬಿಣದ ತುದಿಯ ತೂತಿನೊಳಗೆ ತಿರುಗುತ್ತಿರುತ್ತದೆ, ತುಟಿಯ ಚರ್ಮ ಸಿಕ್ಕಿಕೊಂಡರೆ ಚಿವುಟಿದಂತಾಗುತ್ತದೆ. ಅದಕ್ಕೆ ಬಾಯಿಯ ಅಳತೆಗೆ ಕಾಲು ಇಂಚು, ಅಂದರೆ ಸುಮಾರು 6 ಮಿಲಿಮೀಟರ್ ಸೇರಿಸಿ. ಪ್ರತಿ ಬದಿಗೆ ಅರ್ಧ ಪೆನ್ಸಿಲ್ ದಪ್ಪದಷ್ಟು. ಎಗ್‌ಬಟ್ ಬಿಟ್‌ನ ಬಳೆ ಅಲ್ಲಾಡದಂತೆ ಕೂಡಿರುತ್ತದೆ, ತುಟಿಯ ಪಕ್ಕದಲ್ಲೇ ಕೂತರೂ ಚಿವುಟುವುದಿಲ್ಲ. ಅದಕ್ಕೆ ಇದರ ಅರ್ಧ ಸಾಕು. ರೇಸಿನಿಂದ ಬಂದ ಥರೋಬ್ರೆಡ್‌ಗಳಿಗೆ ಸಾಮಾನ್ಯವಾಗಿ 5 ರಿಂದ 5½ ಇಂಚಿನ ಒಳಗೆ ಹೊಂದುತ್ತದೆ, ಪೋನಿಗಳಿಗೆ ಇನ್ನೂ ಚಿಕ್ಕದು ಬೇಕು. ಆದರೆ ಎತ್ತರ ನೋಡಿ ಅಂದಾಜು ಮಾಡಬೇಡಿ. ದೊಡ್ಡ ಕುದುರೆಗೂ ಕಿರಿದಾದ ಬಾಯಿ ಇರಬಹುದು.

ಅಂಗಡಿಗೆ ಹೋಗುವಾಗ ಟೇಪು ಇರಲಿ. ಬಿಟ್ ಅನ್ನು ಮೇಜಿನ ಮೇಲೆ ನೇರವಾಗಿ ಎಳೆದಿಟ್ಟು, ಬಾಯೊಳಗೆ ಹೋಗುವ ಭಾಗವನ್ನು ಮಾತ್ರ, ಈ ಬಳೆಯ ಒಳಬದಿಯಿಂದ ಆ ಬಳೆಯ ಒಳಬದಿವರೆಗೆ ಅಳೆಯಿರಿ. ಬಳೆ ಸೇರಿಸಿ ಅಳೆದರೆ ಲೆಕ್ಕವೇ ತಪ್ಪುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ. ಅಗ್ಗದ ನಿಕಲ್ ಲೇಪನ ಕ್ರಮೇಣ ಎದ್ದು ಬಂದು ತುಟಿ ಕೊಯ್ಯುತ್ತದೆ.

ದಪ್ಪದ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ತೆಳುವಾದ ಬಿಟ್ ಒಂದೇ ಗೆರೆಯಲ್ಲಿ ಒತ್ತುತ್ತದೆ, ಜಾಸ್ತಿ ನೋವು. ಹಾಗಂತ ದಪ್ಪ ಇದ್ದಷ್ಟೂ ಮೃದು ಅಂತಲೂ ಅಲ್ಲ. ಕೆಲವು ಕುದುರೆಗಳ ನಾಲಿಗೆಯೇ ಬಾಯಿ ತುಂಬಿರುತ್ತದೆ, ಅಲ್ಲಿ ದಪ್ಪ ಕಬ್ಬಿಣಕ್ಕೆ ಜಾಗವೆಲ್ಲಿ? ಎರಡು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲಿಲ್ಲದ ಜಾಗದಲ್ಲಿ ತೂರಿಸಿ ನೋಡಿ. ಮೇಲೂ ಕೆಳಗೂ ಒತ್ತಿ ಹಿಡಿದಂತಾದರೆ ತೆಳುವಾದದ್ದನ್ನೇ ಆರಿಸಿ.

ಬಿಟ್ ಹಾಕಿದ ಮೇಲೆ ಅದು ಬಾಯಲ್ಲಿ ಕೂರುವ ಎತ್ತರ ಸರಿಮಾಡಿ. ಕಟವಾಯಿಯಲ್ಲಿ ಒಂದೆರಡು ಸುಕ್ಕು ಬಿದ್ದರೆ ಸರಿ ಅನ್ನುವುದು ಹಳೆಯ ಲೆಕ್ಕ, ಶುರು ಮಾಡಲು ಅದು ಸಾಕು. ತುಟಿ ದಪ್ಪವಿದ್ದರೆ ಸುಕ್ಕು ಬೇರೆಯೇ ಕಾಣುತ್ತದೆ, ಹಾಗಾಗಿ ತುಟಿ ಸರಿಸಿ ಬಿಟ್ ಯಾವ ಹಲ್ಲಿಗೂ ತಾಗುತ್ತಿಲ್ಲ ಅಂತ ನೋಡಿಕೊಳ್ಳಿ. ನಡುವೆ ಒಂದೇ ಕೀಲಿರುವ ಬಿಟ್ ಅಗಲ ಜಾಸ್ತಿಯಾದರೆ ಲಗಾಮು ಎಳೆದಾಗ ಮಡಚಿ, ಕೀಲು ಅಂಗುಳಿಗೆ ಚುಚ್ಚಬಹುದು. ಒಂದು ಕಡೆ ಎಳೆದಾಗ ಇಡೀ ಬಿಟ್ ಆ ಕಡೆಗೆ ಜಾರಿದರೂ ಅಗಲ ಜಾಸ್ತಿ ಅಂತಲೇ ಅರ್ಥ. ಚಿಕ್ಕದಾದರೆ ತುಟಿ ಬಳೆಗಳ ನಡುವೆ ಅದುಮಿಕೊಂಡಿರುತ್ತದೆ.

ಹಿಡಿತಕ್ಕೆ ಬರದ ಕುದುರೆಗೆ ಮುಳ್ಳಿನ ಕಡಿವಾಣ ಹಾಕಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆಂದು ಮಾಡಿದ 1965ರ ನಿಯಮಗಳಲ್ಲೇ ಮುಳ್ಳಿನ ಬಿಟ್ ನಿಷೇಧವಾಗಿದೆ. ಟಾಂಗಾ ಕುದುರೆಗಳಿಗೂ ಅದು ಅನ್ವಯಿಸುತ್ತದೆ.

ಆ ಹೆಣ್ಣು ಕುದುರೆಗೆ ಗಾಯ ಮಾಯುವವರೆಗೆ ಬಿಟ್ ಹಾಕಲಿಲ್ಲ. ಆಮೇಲೆ 5 ಇಂಚಿನ ಎಗ್‌ಬಟ್ ತಂದೆವು. ಮೊದಲ ವಾರ ಹಳೆಯ ನೆನಪಿಗೋ ಏನೋ ಇನ್ನೂ ತಲೆ ಎತ್ತುತ್ತಿತ್ತು. ನಿಧಾನಕ್ಕೆ ಬಿಟ್ಟಿತು. ಈಗ ಪ್ರತಿ ಸವಾರಿ ಮುಗಿದ ಮೇಲೆ ಅದರ ಎರಡೂ ಕಟವಾಯಿ ಬೆರಳಿಂದ ಸವರಿ ನೋಡುತ್ತೇನೆ. ಅರ್ಧ ನಿಮಿಷದ ಕೆಲಸ.